ಓದುಗರ ಪ್ರಶ್ನೋತ್ತರ: ರೋಮಿನ ಪಾಳುಗೋಡೆಗಳ ನಡುವೆ, ಗೈಡ್ ಜೊತೆ

ಪ್ರಾಚೀನ ರೋಮಿನ ಅವಶೇಷಗಳನ್ನು ನೋಡಲು ಹೊರಟವರಿಂದ ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಕೊಲೋಸಿಯಂ, ರೋಮನ್ ಫೋರಂ ಎರಡಕ್ಕೂ ಗೈಡ್ ಬೇಕೇ? ಫೋನಿನಲ್ಲಿ ಆಡಿಯೋ ಗೈಡ್ ಕೇಳಿಕೊಂಡು ಸುತ್ತಿದರೆ ಸಾಲದೇ?

ಒಂದಕ್ಕೆ ಮಾತ್ರ ಹಣ ಹೊಂದಿಸಬಹುದು ಎಂದಾದರೆ ಫೋರಂಗೆ ಕೊಡಿ. ಎಲ್ಲರೂ ಮಾಡುವುದು ಇದಕ್ಕೆ ತಿರುಗುಮುರುಗು. ಕೊಲೋಸಿಯಂ ಒಂದೇ ಕಟ್ಟಡ, ಒಂದೇ ಉದ್ದೇಶ: ಜನರೆದುರು ಕಾಳಗದ ಆಟ ನಡೆಸುವುದು. ಚಕ್ರವರ್ತಿ ವೆಸ್ಪಾಸಿಯನ್ ಕಟ್ಟಿಸಲು ತೊಡಗಿದ, ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ, ಇನ್ನೊಬ್ಬ ಮಗ ಡೊಮಿಷಿಯನ್ ಕಣದ ಕೆಳಗೆ ನೆಲಮಾಳಿಗೆ ಮಾಡಿಸಿದ. ಸುಮಾರು 188 ಮೀಟರ್ ಉದ್ದ, 156 ಮೀಟರ್ ಅಗಲ, 48 ಮೀಟರ್ ಎತ್ತರ. ಒಳಗೆ ನಿಂತರೆ ಕುರುಡಿಗೂ ತಿಳಿಯುವಷ್ಟು ಸ್ಪಷ್ಟವಾಗಿ ಅದು ಏನೆಂದು ಗೊತ್ತಾಗುತ್ತದೆ. ಒಳ್ಳೆಯ ಆಡಿಯೋ ಗೈಡ್ ಅಲ್ಲಿ ಸಾಕು.

ಪ್ರಾಚೀನ ರೋಮಿನ ಸಾರ್ವಜನಿಕ ಚೌಕವಾಗಿದ್ದ ಫೋರಂ ಹಾಗಲ್ಲ. ಮೊದಲ ನೋಟಕ್ಕೆ ಅದು ಮುರಿದ ಕಂಬಗಳನ್ನು ಚೆಲ್ಲಿದ ಒಂದು ತಗ್ಗು, ಅಷ್ಟೆ. ಸಾವಿರ ವರ್ಷಕ್ಕೂ ಮೇಲ್ಪಟ್ಟ ಕಾಲದ ಕಟ್ಟಡಗಳು ಒಂದರ ಮೇಲೊಂದು, ಒಂದರ ಪಕ್ಕ ಒಂದು ನಿಂತಿವೆ. ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು 203ರದು. ಅದರಿಂದ ನಾಲ್ಕು ಹೆಜ್ಜೆ ಆಚೆ ಇರುವ ಫೋಕಾಸ್ ಕಂಬವನ್ನು ನಿಲ್ಲಿಸಿದ್ದು 608ರಲ್ಲಿ. ನಡುವೆ ನಾನೂರು ವರ್ಷ. ಫೋನಿನ ಧ್ವನಿ ‘ನಿಮ್ಮ ಎಡಕ್ಕೆ’ ಎನ್ನುವಾಗ ನೀವು ಬೇರೆ ದಿಕ್ಕಿಗೆ ಮುಖ ಮಾಡಿದ್ದರೆ ಅಲ್ಲಿಂದ ಮುಂದಿನದೆಲ್ಲ ತಪ್ಪುತ್ತದೆ. ಬೆರಳು ಚಾಚಿ ತೋರಿಸುವವರು ಬೇಕಾಗುವುದು ಇಂಥ ಕಡೆ.

ಆಂಟೊನೈನಸ್ ಮತ್ತು ಫೌಸ್ಟಿನಾ ದೇವಾಲಯವನ್ನೇ ನೋಡಿ. ತೀರಿಕೊಂಡ ತನ್ನ ಹೆಂಡತಿ ಫೌಸ್ಟಿನಾಗೆಂದು ಚಕ್ರವರ್ತಿ ಆಂಟೊನೈನಸ್ ಕಟ್ಟಿಸಿದ್ದು. 161ರಲ್ಲಿ ಅವನೂ ಸತ್ತ ಮೇಲೆ ಅವನ ಹೆಸರೂ ಸೇರಿತು. ಮುಂದೆ ಅದರೊಳಗೆ ಚರ್ಚ್ ಬಂತು. ಆ ಚರ್ಚಿನ ಬಾಗಿಲು ಈಗ ದೇವಾಲಯದ ನೆಲದಿಂದ ಹಲವು ಮೀಟರ್ ಮೇಲೆ, ಮೆಟ್ಟಿಲೇ ಇಲ್ಲದೆ ಗೋಡೆಯಲ್ಲಿದೆ. ಬಾಗಿಲನ್ನು ಅಷ್ಟು ಎತ್ತರದಲ್ಲಿ ಯಾರೂ ಇಡಲಿಲ್ಲ. ಆಗ ನೆಲವೇ ಅಷ್ಟು ಎತ್ತರದಲ್ಲಿತ್ತು. ಮಣ್ಣು, ಕಲ್ಲುಕಸ ತುಂಬಿ ಫೋರಂ ದನ ಮೇಯುವ ಬಯಲಾಗಿತ್ತು. ಶತಮಾನಗಳ ಕಾಲ ಜನ ಕರೆದದ್ದೂ ‘ಕಾಂಪೋ ವಾಚ್ಚೀನೋ’, ಅಂದರೆ ದನಗಳ ಬಯಲು, ಎಂದೇ. 19ನೇ ಶತಮಾನದಲ್ಲಿ ಆಳಕ್ಕೆ ಅಗೆದಾಗ ಬಾಗಿಲು ಮೇಲೆಯೇ ಉಳಿಯಿತು. ಈ ಒಂದು ಬಾಗಿಲನ್ನು ಸರಿಯಾಗಿ ವಿವರಿಸುವ ಗೈಡ್ ಸಿಕ್ಕರೆ ಇಡೀ ಫೋರಂ ಅರ್ಥವಾಗತೊಡಗುತ್ತದೆ.

ಪ್ರಶ್ನೆ: ಟಿಕೆಟ್ ಕೊಳ್ಳುವಾಗ ಎಲ್ಲಿ ಎಡವುತ್ತೇವೆ?

ಹೆಸರಿನಲ್ಲಿ, ಸಮಯದಲ್ಲಿ, ಮರುಪ್ರವೇಶದಲ್ಲಿ.

ಕೊಲೋಸಿಯಂ ಟಿಕೆಟ್ ಈಗ ವ್ಯಕ್ತಿಯ ಹೆಸರಿಗೇ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ತುಂಬಿ. ಮನೆಯಲ್ಲಿ ಕರೆಯುವ ಹೆಸರನ್ನೋ, ಇನಿಷಿಯಲ್ ಮಾತ್ರವನ್ನೋ ಹಾಕಿದರೆ ಬಾಗಿಲಲ್ಲಿ ನಿಲ್ಲಿಸುತ್ತಾರೆ. 18 ವರ್ಷದೊಳಗಿನವರಿಗೆ ಉಚಿತ, ಆದರೆ ಶೂನ್ಯ ದರದ ಟಿಕೆಟನ್ನು ಅವರ ಹೆಸರಿಗೂ ಪಡೆದಿರಲೇಬೇಕು. ಮಕ್ಕಳಿಗೆ ಟಿಕೆಟ್ ಬೇಡವೆಂದುಕೊಂಡು ಬಂದ ಕುಟುಂಬಗಳು ಪೇಚಿಗೆ ಸಿಕ್ಕುವುದು ಇಲ್ಲಿಯೇ.

ಸಾಮಾನ್ಯ ಟಿಕೆಟ್ 18 ಯೂರೋ. ಕೊಲೋಸಿಯಂ, ಫೋರಂ, ಫೋರಂ ಪಕ್ಕದ ಪ್ಯಾಲಟೈನ್ ಬೆಟ್ಟ ಮೂರೂ ಇದರಲ್ಲಿ ಬರುತ್ತವೆ. ಕಣದ ನೆಲ ಅಥವಾ ನೆಲಮಾಳಿಗೆ ಸೇರಿದ ಟಿಕೆಟ್ 24 ಯೂರೋ, ಎರಡು ದಿನ ನಡೆಯುತ್ತದೆ. ದರ ಆಗಾಗ ಬದಲಾಗುವುದರಿಂದ ಕೊಳ್ಳುವ ದಿನ ಅಧಿಕೃತ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ನೆಲಮಾಳಿಗೆಗೆ ಬಿಡುವುದು ಚಿಕ್ಕ ತಂಡಗಳನ್ನು ಮಾತ್ರ, ಅದಕ್ಕೇ ಆ ಟಿಕೆಟ್ ಬೇಗ ಮುಗಿಯುತ್ತದೆ. ಬೇಕೇ ಬೇಕು ಎನ್ನುವವರು ಮೊದಲು ಆ ಟಿಕೆಟ್ ಹಿಡಿದು, ಉಳಿದ ಪ್ರವಾಸವನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಕೊಲೋಸಿಯಂಗೆ ನಿಗದಿತ ಸಮಯ ಇರುತ್ತದೆ, ತಡವಾದರೆ ವಾದ ನಡೆಯುವುದಿಲ್ಲ. ‘ಸಾಲು ತಪ್ಪಿಸಿ’ ಎಂದು ಮಾರುವ ಯಾವ ಟಿಕೆಟ್ಟೂ ಭದ್ರತಾ ತಪಾಸಣೆಯ ಸಾಲನ್ನು ತಪ್ಪಿಸದು. ಅದಕ್ಕೆಂದು ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಬನ್ನಿ. ದೊಡ್ಡ ಬ್ಯಾಗು, ಸೂಟ್‌ಕೇಸ್, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವ ಜಾಗವೂ ಅಲ್ಲಿಲ್ಲ; ಸಾಮಾನನ್ನು ಹೋಟೆಲಿನಲ್ಲೇ ಬಿಟ್ಟು ಬರಬೇಕು.

ಇನ್ನೊಂದು ಮಾತು. ಫೋರಂ ಮತ್ತು ಪ್ಯಾಲಟೈನ್ ಸೇರಿ ಒಂದೇ ಪ್ರವೇಶ. ಊಟಕ್ಕೆಂದು ಹೊರಗೆ ಬಂದರೆ ಅದೇ ಟಿಕೆಟಿನಲ್ಲಿ ಮತ್ತೆ ಒಳಗೆ ಹೋಗಲಾಗದು. ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ.

ಪ್ರಶ್ನೆ: ಒಳ್ಳೆಯ ಗೈಡ್ ಎಂದು ಮೊದಲೇ ತಿಳಿಯುವುದು ಹೇಗೆ?

ಇಟಲಿಯಲ್ಲಿ ಗೈಡ್ ಆಗಲು ಪರವಾನಗಿ ಬೇಕು. ಪರವಾನಗಿ ಇದ್ದವರು ಗುರುತಿನ ಚೀಟಿ ಹೊಂದಿರುತ್ತಾರೆ. ಕೊಲೋಸಿಯಂ ಎದುರು ನಿಂತು ‘ಈಗಲೇ ಹೊರಡುವ ಟೂರ್’ ಎಂದು ಕರೆಯುವವರು ಹಲವು ಸಲ ಮಾರಾಟಗಾರರು ಮಾತ್ರ. ಗೈಡ್ ಬೇರೆಯವರು, ಅವರು ಯಾರೆಂದು ಹಣ ಕೊಟ್ಟ ಮೇಲೆ ಗೊತ್ತಾಗುತ್ತದೆ. ಹಾಗೆ ಕೊಳ್ಳಬೇಡಿ.

ಕಾಯ್ದಿರಿಸುವ ಮುನ್ನ ಇಷ್ಟನ್ನು ಬರೆದು ಕೇಳಿ: ತಂಡದಲ್ಲಿ ಹೆಚ್ಚೆಂದರೆ ಎಷ್ಟು ಜನ? ಪ್ರವೇಶ ಟಿಕೆಟ್ ಸೇರಿದೆಯೇ, ಯಾವ ಬಗೆಯದು? ಫೋರಂನಲ್ಲಿ ಎಷ್ಟು ಹೊತ್ತು? ಕೊನೆಯ ಪ್ರಶ್ನೆ ಬಹಳ ಮುಖ್ಯ. ‘ಕೊಲೋಸಿಯಂ, ಫೋರಂ, ಪ್ಯಾಲಟೈನ್, ಎರಡು ಗಂಟೆ’ ಎಂದಿದ್ದರೆ ಫೋರಂ ಪಾಲಿಗೆ ಬರುವುದು ಅವಸರದ ಒಂದು ನಡಿಗೆ. ಮೂರಕ್ಕೂ ನ್ಯಾಯ ಸಲ್ಲಲು ಮೂರೂವರೆ ಗಂಟೆ ಬೇಕು. ಹತ್ತು ಹನ್ನೆರಡು ಜನರ ತಂಡದಲ್ಲಿ ಪ್ರಶ್ನೆ ಕೇಳಬಹುದು. ಇಪ್ಪತ್ತೈದು ಜನ ಆದರೆ ಇಯರ್‌ಫೋನಿನಲ್ಲಿ ಭಾಷಣ ಕೇಳಬಹುದು. ಆ ರಿಸೀವರ್ ಕೊಟ್ಟ ಕೂಡಲೇ ಗೈಡ್ ಎದುರಿಗಿರುವಾಗಲೇ ಹಚ್ಚಿ ನೋಡಿ. ಬ್ಯಾಟರಿ ಮುಗಿದದ್ದು ಒಳಗೆ ಹೋದ ಮೇಲೆ ತಿಳಿದರೆ ಬದಲಿ ಸಿಗುವುದು ಕಷ್ಟ.

ಪ್ರಶ್ನೆ: ಗೈಡ್ ಹತ್ತಿರ ಏನು ಕೇಳಬೇಕು? ನಮಗೆ ಇತಿಹಾಸ ಅಷ್ಟಾಗಿ ಗೊತ್ತಿಲ್ಲ.

ಪ್ರತಿ ಗೋಡೆಯ ಮುಂದೆಯೂ ‘ಇದರಲ್ಲಿ ಹಳೆಯದು ಯಾವುದು, ರಿಪೇರಿ ಯಾವುದು?’ ಎಂದು ಕೇಳಿ. ಈ ಅಂಕಣದಲ್ಲಿ ಒಂದೇ ಸಲಹೆ ಕೊಡಬೇಕಿದ್ದರೆ ಇದನ್ನೇ ಕೊಡುತ್ತಿದ್ದೆವು. ಚಕ್ರವರ್ತಿಗಳ ಹೆಸರು ಒಂದು ವಾರದಲ್ಲಿ ಮರೆತುಹೋಗುತ್ತದೆ, ಗೋಡೆ ಓದಲು ಕಲಿತದ್ದು ಮುಂದಿನ ಎಲ್ಲ ಅವಶೇಷಗಳಲ್ಲೂ ಕೈ ಹಿಡಿಯುತ್ತದೆ.

ಮೊದಲು ಟೈಟಸ್‌ನ ಕಮಾನು. ಮಧ್ಯಯುಗದಲ್ಲಿ ಇದು ಒಂದು ಕೋಟೆಯೊಳಗೆ ಸೇರಿಹೋಗಿತ್ತು. 1820ರ ದಶಕದ ಆಸುಪಾಸಿನಲ್ಲಿ ವಾಸ್ತುಶಿಲ್ಪಿ ಜುಸೆಪ್ಪೆ ವಲಾದಿಯೇರ್ ಇದನ್ನು ಬಿಡಿಸಿ ಮತ್ತೆ ನಿಲ್ಲಿಸಿದಾಗ, ಕಳೆದುಹೋದ ಭಾಗಗಳಿಗೆ ಅಮೃತಶಿಲೆ ಹಾಕಲಿಲ್ಲ. ಟ್ರಾವರ್ಟೈನ್ ಎಂಬ ಸುಣ್ಣಕಲ್ಲು ಹಾಕಿದ. ಅದಕ್ಕೇ ನಡುವಿನ ಭಾಗ ಬಿಳಿ, ನಯ. ಅಂಚುಗಳು ಮಂದ, ಕೆತ್ತನೆಯಿಲ್ಲದವು. ಹಳೆಯದೂ ಹೊಸದೂ ಬೆರೆಯಬಾರದು ಎಂಬ ಎಚ್ಚರ ಎಷ್ಟು ಹಿಂದಿನದು ನೋಡಿ.

ಕೊಲೋಸಿಯಂನ ಪೂರ್ವ ತುದಿಗೆ ಹೋಗಿ. ಅಲ್ಲಿ ಇಟ್ಟಿಗೆಯ ದಪ್ಪ ಆನಿಕೆ ಗೋಡೆಯೊಂದಿದೆ. ಬೀಳುವ ಸ್ಥಿತಿಯಲ್ಲಿದ್ದ ಹೊರಗೋಡೆಗೆ 1807ರ ಹೊತ್ತಿಗೆ ವಾಸ್ತುಶಿಲ್ಪಿ ರಫಾಯೆಲೆ ಸ್ಟೆರ್ನ್ ಕೊಟ್ಟ ಆಸರೆ ಅದು. ಅವನು ಕಮಾನಿನ ಕಲ್ಲುಗಳನ್ನು ಸರಿಪಡಿಸಿ ಜೋಡಿಸಲಿಲ್ಲ. ಜಾರುತ್ತಿದ್ದವನ್ನು ಜಾರಿದ ಹಾಗೆಯೇ ಇಟ್ಟಿಗೆಯಿಂದ ತುಂಬಿ ಹಿಡಿದ. ಬಿರುಕು ಬಿಟ್ಟು ಕೆಳಗಿಳಿದ ಕಲ್ಲುಗಳು ಇನ್ನೂರು ವರ್ಷದಿಂದ ಬೀಳುವ ಕ್ಷಣದಲ್ಲೇ ನಿಂತಿವೆ. ಬಹಳಷ್ಟು ತಂಡಗಳು ಇದನ್ನು ನೋಡದೆ ದಾಟಿಹೋಗುತ್ತವೆ. ದಯವಿಟ್ಟು ನೀವು ನಿಲ್ಲಿ.

ಹೊರಗೋಡೆಯ ತುಂಬ ಇರುವ ತೂತುಗಳು ಗುಂಡಿನ ಗುರುತಲ್ಲ. ಟ್ರಾವರ್ಟೈನ್ ಕಲ್ಲುಗಳನ್ನು ಗಾರೆ ಇಲ್ಲದೆ ಕಬ್ಬಿಣದ ಕೊಂಡಿಗಳಿಂದ ಜೋಡಿಸಿದ್ದರು. ಮಧ್ಯಯುಗದಲ್ಲಿ ಲೋಹಕ್ಕಾಗಿ ಸಂದು ಕೊರೆದು ಆ ಕೊಂಡಿಗಳನ್ನು ಕಿತ್ತರು. ಹಾಗೆಯೇ ಕೆಳಗಿನ ಕಮಾನುಗಳ ಮೇಲೆ ಪ್ರವೇಶದ್ವಾರದ ಸಂಖ್ಯೆಗಳನ್ನು ಹುಡುಕಿ. ಒಟ್ಟು 80 ಕಮಾನುಗಳು, ಸಂಖ್ಯೆ ಹಾಕಿದ್ದು 76ಕ್ಕೆ. ಹೊರಗೋಡೆ ಉಳಿದ ಕಡೆ 23ರಿಂದ 54ರ ವರೆಗಿನವು ಈಗಲೂ ಇವೆ. ಉಳಿದ ಬದಿಯ ಹೊರಗೋಡೆ 1349ರ ಭೂಕಂಪದ ಹೊತ್ತಿಗೆ ಬಹುಪಾಲು ಕುಸಿಯಿತು, ಕಲ್ಲುಗಳು ಬೇರೆ ಕಟ್ಟಡಗಳ ಪಾಲಾದವು.

ಇನ್ನು ಸಾಧಾರಣ ಗೋಡೆಗಳು. ರೋಮನ್ನರ ಗೋಡೆಯ ಒಡಲು ಕಾಂಕ್ರೀಟು: ಸುಣ್ಣ, ಪೊಝೊಲಾನಾ ಎಂಬ ಜ್ವಾಲಾಮುಖಿ ಬೂದಿ, ಕಲ್ಲುಚೂರು. ಕಣ್ಣಿಗೆ ಕಾಣುವುದು ಅದರ ಹೊರಮೈ. ಅಡ್ಡಾದಿಡ್ಡಿ ಕಲ್ಲುಗಳ ಹೊರಮೈ ಹೆಚ್ಚಾಗಿ ಚಕ್ರವರ್ತಿಗಳಿಗಿಂತ ಮೊದಲಿನ ಗಣರಾಜ್ಯದ ಕಾಲದ್ದು. ಚೌಕ ಮುಖದ ಸಣ್ಣ ಕಲ್ಲುಗಳನ್ನು ಬಲೆಯಂತೆ ಓರೆಯಾಗಿ ಕೂರಿಸಿದ್ದರೆ ಗಣರಾಜ್ಯದ ಕೊನೆಯಿಂದ 2ನೇ ಶತಮಾನದ ಚಕ್ರವರ್ತಿ ಹೇಡ್ರಿಯನ್‌ವರೆಗಿನ ಅವಧಿಯದು ಎಂದುಕೊಳ್ಳಬಹುದು. ಸಾಲುಸಾಲು ತೆಳು ಇಟ್ಟಿಗೆಯ ಹೊರಮೈ ಚಕ್ರವರ್ತಿಗಳ ಕಾಲದ್ದು. ಇದು ಒರಟು ಅಳತೆಗೋಲು, ಹಳೆಯ ಸಾಮಗ್ರಿಯನ್ನು ಮತ್ತೆ ಬಳಸಿದ ಕಡೆ ಎಡವುತ್ತದೆ. ಅಲ್ಲೇ ಗೈಡನ್ನು ಕೇಳಬೇಕು.

ಪ್ರಶ್ನೆ: ಮೊಣಕಾಲು ನೋವಿರುವ ಹಿರಿಯರು ನಡೆಯಬಲ್ಲರೇ?

ಕೊಲೋಸಿಯಂನಲ್ಲಿ ಲಿಫ್ಟ್ ಇದೆ, ಮೇಲಂತಸ್ತಿಗೆ ಹೋಗಬಹುದು. ತೊಂದರೆ ಇರುವುದು ಫೋರಂನ ಹಳೆಯ ಮುಖ್ಯ ಬೀದಿ ವಿಯಾ ಸಾಕ್ರಾದಲ್ಲಿ. ಹಾಸಿರುವುದು ಕಪ್ಪು ಲಾವಾ ಕಲ್ಲಿನ ದೊಡ್ಡ ಚಪ್ಪಡಿಗಳು. ಮೇಲ್ಮೈ ಸವೆದು ಉಬ್ಬಿದಂತಿದೆ, ಸಂದುಗಳು ಅಗಲ. ಪಾದ ಪ್ರತಿ ಹೆಜ್ಜೆಗೂ ಓರೆಯಾಗುವುದರಿಂದ ನೋಯುವುದು ಮೊದಲು ಕಣಕಾಲು, ಆಮೇಲೆ ಮೊಣಕಾಲು. ಮಳೆ ಬಂದರೆ ಜಾರುತ್ತದೆ. ಚಪ್ಪಲಿ ಬೇಡ, ಹಿಮ್ಮಡಿ ಹಿಡಿದು ನಿಲ್ಲುವ, ದಪ್ಪ ರಬ್ಬರ್ ಅಟ್ಟೆಯ ಶೂ ಹಾಕಿ. ಪ್ಯಾಲಟೈನ್ ಬೆಟ್ಟದ ಏರು ಆಗದು ಎಂದು ಮೊದಲೇ ಹೇಳಿದರೆ ಗೈಡ್ ದಾರಿ ಬದಲಿಸಿಯಾರು. ಅರ್ಧ ಏರಿದ ಮೇಲೆ ಹೇಳಿದರೆ ಇಡೀ ತಂಡ ನಿಲ್ಲಬೇಕಾಗುತ್ತದೆ.

ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವುದುಂಟು, ಫೋರಂನಲ್ಲಿ ನೆರಳು ಕಡಿಮೆ. ಬೆಳಗಿನ ಮೊದಲ ಸಮಯವನ್ನೇ ಹಿಡಿಯಿರಿ. ಖಾಲಿ ಬಾಟಲಿ ಇರಲಿ. ಬೀದಿಯ ನಲ್ಲಿಗಳಲ್ಲಿ ಕುಡಿಯುವ ನೀರು ಸಿಗುತ್ತದೆ.

ಪ್ರಶ್ನೆ: ರೋಮಿನಿಂದ ಒಂದು ದಿನಕ್ಕೆ ಪೊಂಪೇ ಹೋಗಿ ಬರಬಹುದೇ, ಅಥವಾ ಓಸ್ಟಿಯಾ ಸಾಕೇ?

ಪೊಂಪೇ ಎಂದರೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಪ್ರಾಚೀನ ಊರು, ಓಸ್ಟಿಯಾ ರೋಮಿನ ಹಳೆಯ ಬಂದರು. ಪೊಂಪೇಗೆ ಹೋಗಿಬರಬಹುದು, ದಣಿವು ಖಂಡಿತ. ವೇಗದ ರೈಲಿನಲ್ಲಿ ನೇಪಲ್ಸ್‌ಗೆ ಸುಮಾರು ಒಂದು ಗಂಟೆ ಹತ್ತು ನಿಮಿಷ. ಅಲ್ಲಿಂದ ಚಿರ್ಕುಮ್‌ವೆಸುವಿಯಾನಾ ರೈಲು ಹಿಡಿದು ‘ಪೊಂಪೇ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ’ ಎಂಬ ನಿಲ್ದಾಣದಲ್ಲಿ ಇಳಿಯಬೇಕು. ಪೊಂಪೇ ಎಂಬ ಹೆಸರು ಕಂಡಕೂಡಲೇ ಇಳಿದವರು ಇಂದಿನ ಊರಿನಲ್ಲಿ ಇಳಿದಿರುತ್ತಾರೆ. ‘ಸ್ಕಾವಿ’ ಎಂದರೆ ಉತ್ಖನನ, ಆ ಪದವನ್ನು ನೋಡಿಕೊಳ್ಳಿ. ಟಿಕೆಟ್ ಇಲ್ಲೂ ಹೆಸರಿಗೇ ಬರುತ್ತದೆ, ದಿನಕ್ಕೆ 20,000 ಜನರ ಮಿತಿ ಇದೆ. 30×30×15 ಸೆಂಟಿಮೀಟರಿಗಿಂತ ದೊಡ್ಡ ಬ್ಯಾಗನ್ನು ಬಾಗಿಲಲ್ಲಿ ಬಿಡಬೇಕು.

ಪೊಂಪೇಯ ವಿಸ್ತಾರ 60 ಹೆಕ್ಟೇರಿಗೂ ಹೆಚ್ಚು, ಅಗೆದಿರುವುದು ಸುಮಾರು ಮೂರನೇ ಎರಡು ಭಾಗ. ಎಲ್ಲವನ್ನೂ ನೋಡುವ ಹಟ ಬೇಡ. ಎರಡು ಗಂಟೆ ಗೈಡ್ ಜೊತೆ, ಎರಡು ಗಂಟೆ ನೀವೇ. ಮನೆಗಳನ್ನು ಸರದಿಯಲ್ಲಿ ಮುಚ್ಚುತ್ತಾರೆ, ಹಾಗಾಗಿ ಒಂದೇ ಮನೆಗೆಂದು ಹೋಗುವವರು ಅಂದು ಅದು ತೆರೆದಿದೆಯೇ ಎಂದು ಬಾಗಿಲಲ್ಲೇ ಕೇಳಿ. ದಾರಿಯಲ್ಲಿ ಗಾಡಿ ಚಕ್ರ ಕೊರೆದ ಜಾಡು, ಬೀದಿ ದಾಟಲು ಇಟ್ಟ ಎತ್ತರದ ಕಲ್ಲುಗಳು, ಬೇಕರಿಗಳ ಲಾವಾ ಬೀಸುಕಲ್ಲುಗಳು, ಇವನ್ನು ಬಿಡಬೇಡಿ.

ಸಮಯ ಕಡಿಮೆಯಿದ್ದರೆ ಓಸ್ಟಿಯಾ ಆಂಟಿಕಾ. ರೋಮಿನ ಪಿರಮಿದೆ ಮೆಟ್ರೋ ಪಕ್ಕದ ನಿಲ್ದಾಣದಿಂದ ಅರ್ಧ ಗಂಟೆಯ ದಾರಿ, ಸೋಮವಾರ ರಜೆ. ಪೊಂಪೇ ಕ್ರಿ.ಶ. 79ರಲ್ಲಿ ಒಮ್ಮೆಗೇ ಹೂತುಹೋದ ಊರು. ಓಸ್ಟಿಯಾ ಜನ ಬಿಟ್ಟು ಹೋಗಿ ನಿಧಾನವಾಗಿ ಹಾಳಾದ ಬಂದರು. ಬಹುಮಹಡಿ ಬಾಡಿಗೆ ವಸತಿಗಳು, ಹಡಗು ವರ್ತಕರ ಕಚೇರಿಗಳ ಮುಂದಿನ ಮೊಸಾಯಿಕ್ ಗುರುತುಗಳು, ರಂಗಮಂದಿರ ಎಲ್ಲ ಗದ್ದಲವಿಲ್ಲದೆ ನೋಡಬಹುದು. ಇಲ್ಲಿನ ಮೌನಕ್ಕೆ ನಮ್ಮ ಮತ.

ಪ್ರಶ್ನೆ: ಗೈಡ್ ಹೇಳಿದ್ದನ್ನೆಲ್ಲ ನಂಬಬಹುದೇ?

ಹೆಚ್ಚಿನದನ್ನು ನಂಬಬಹುದು. ಕೆಲವು ಹಳೆಯ ಕಥೆಗಳನ್ನು ಮಾತ್ರ ಪಕ್ಕಕ್ಕಿಡಿ. ‘ವೊಮಿಟೋರಿಯಂ’ ವಾಂತಿ ಮಾಡುವ ಕೋಣೆಯಲ್ಲ, ರಂಗಮಂದಿರದಂಥ ಕಡೆ ಜನ ಹೊರಬರುವ ಓಣಿ. ಕಣದಲ್ಲಿ ಸೋತ ಕಾಳಗದಾಳಿಗೆ ಹೆಬ್ಬೆರಳು ಕೆಳಗೆ ಮಾಡಿದರೆ ಸಾವು ಎನ್ನುವುದಕ್ಕೆ ಆಧಾರ ಗಟ್ಟಿಯಿಲ್ಲ. ಲ್ಯಾಟಿನ್ ಬರಹಗಳು ‘ತಿರುಗಿಸಿದ ಹೆಬ್ಬೆರಳು’ ಎನ್ನುತ್ತವೆ, ಯಾವ ಕಡೆಗೆಂದು ಹೇಳುವುದಿಲ್ಲ. ರೋಮ್ ಉರಿಯುವಾಗ ನೀರೋ ಪಿಟೀಲು ನುಡಿಸಿರಲಾರ, ಆ ವಾದ್ಯವೇ ಆಗ ಇರಲಿಲ್ಲ. 64ರಲ್ಲಿ ಬೆಂಕಿ ಹೊತ್ತಿದಾಗ ಅವನು ಆಂಟಿಯಂ ಎಂಬ ಬೇರೆ ಊರಿನಲ್ಲಿದ್ದ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಪೊಂಪೇ ನಾಶವಾದದ್ದು ಆಗಸ್ಟ್ 24 ಎಂಬುದೂ ಈಗ ಸಂದೇಹದಲ್ಲಿದೆ. 2018ರಲ್ಲಿ ಅಲ್ಲಿನ ಗೋಡೆಯೊಂದರಲ್ಲಿ ಅಕ್ಟೋಬರ್ 17ಕ್ಕೆ ಸರಿಹೊಂದುವ ದಿನಾಂಕದ ಇದ್ದಿಲ ಬರಹ ಸಿಕ್ಕಿದೆ. ಒಳ್ಳೆಯ ಗೈಡ್ ಇದನ್ನು ತಾವಾಗಿಯೇ ಹೇಳುತ್ತಾರೆ.

ಪ್ರಶ್ನೆ: ಟಿಪ್ಸ್ ಕೊಡಲೇಬೇಕೇ? ನೆನಪಿಗೊಂದು ಕಲ್ಲಿನ ಚೂರು ತರಬಹುದೇ?

ಟಿಪ್ಸ್ ಕಡ್ಡಾಯವಲ್ಲ, ಮೆಚ್ಚಿದರೆ ಕೊಡಿ. ಕಲ್ಲು ಮಾತ್ರ ಬೇಡ, ಬೆರಳಿನಷ್ಟು ಚೂರೂ ಬೇಡ. ಬಿದ್ದಿರುವ ಜಾಗವೇ ಅದರ ಗುರುತು, ಎತ್ತಿಕೊಂಡರೆ ಅದು ಬರೀ ಜಲ್ಲಿ. ಪೊಂಪೇಯಿಂದ ಕದ್ದೊಯ್ದವರು ವರ್ಷಗಳ ಮೇಲೆ ಕ್ಷಮೆ ಕೋರಿ ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ ತುಂಡುಗಳೂ ಇವೆ, ಅವು ಯಾವ ಗೋಡೆಯವೆಂದು ಇನ್ನು ಹೇಳುವುದು ಹೇಗೆ? ಗೋಡೆಯ ಮೇಲೆ ಹೆಸರು ಗೀಚಿದರೆ 2024ರ ಕಾನೂನಿನಂತೆ 10,000ದಿಂದ 40,000 ಯೂರೋವರೆಗೆ ದಂಡವಿದೆ, ಮೊಕದ್ದಮೆ ಬೇರೆ. ಮಕ್ಕಳ ಕೈಯಲ್ಲಿ ಬೀಗದ ಕೈ, ನಾಣ್ಯ ಇದ್ದರೆ ಒಳಗೆ ಹೋಗುವ ಮೊದಲೇ ಇಸಿದುಕೊಳ್ಳಿ.