ಖಡಕ್ ಚಾ, ಖಡಕ್ ರೊಟ್ಟಿ ಮತ್ತ ಐಇಎಲ್‌ಟಿಎಸ್

ತಂಗಿ, ನಿನ್ನ ಮೆಸೇಜ್ ಓದಿ ಮೂರು ದಿನ ಆಯ್ತು, ಇಲ್ಲಿ ಯುಕೆ ದವಾಖಾನ್ಯಾಗ ನಂದು ನೈಟ್ ಡ್ಯೂಟಿ ನಡದಿತ್ತು, ಅದಕ್ಕ ತಡಾ ಆಯ್ತು, ಸಿಟ್ಟಾಗಬ್ಯಾಡ. ನೀ ಕೇಳಿದ್ದು ಇಷ್ಟು ಅಲಾ: ಕಲಬುರಗಿ ದವಾಖಾನ್ಯಾಗ ಮೂರು ವರ್ಷದಿಂದ ಸ್ಟಾಫ್ ನರ್ಸ್ ಇದ್ದಿ, ಹತ್ತನೇತ್ತ ತನಕ ಚಿತ್ತಾಪುರ ಕಡಿ ಹಳ್ಳ್ಯಾಗ ಕನ್ನಡ ಮೀಡಿಯಂ, ಯುಕೆಗ ಬರ್ಬೇಕಂದ್ರ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷಾ ಪಾಸಾಗ್ಬೇಕು, ಗ್ರಾಮರ್ ಪುಸ್ತಕ ಮೊದಲನೇ ಪುಟದಿಂದ ಹಿಡೀಲೇನು, ದಿನಕ್ಕ ಎಷ್ಟು ವರ್ಡ್ ಬಾಯಿಪಾಠ ಮಾಡ್ಲಿ, ಅಲ್ಲಿ ಬಂದ ಮ್ಯಾಲ ನನ್ನ ಇಂಗ್ಲಿಷ್ ಮಂದಿಗಿ ತಿಳೀತದೇನು.

ಮೊದಲ್ನೇದು, ಕನ್ನಡ ಮೀಡಿಯಂ ಅಂತ ಹೆದರಬ್ಯಾಡ, ನಾ ಹುಮನಾಬಾದದಾಕಿ, ನಂದೂ ಕನ್ನಡ ಸಾಲಿನೇ. ಎರಡ್ನೇದು, ಬಾಯಿಪಾಠ ಮಾಡೋ ಲಿಸ್ಟ್ ಯಾವ್ದರ ಇಟ್ಕೊಂಡಿದ್ರ ಇವತ್ತೇ ಬಾಜೂಕ ಇಡು. ಇದು ಸುಮ್ನ ಹೇಳ್ತಿಲ್ಲ, ನಾ ರೊಕ್ಕ ಕೊಟ್ಟು ಕಲ್ತ ಮಾತು. 2018ರಾಗ ನಾ ಹೈದ್ರಾಬಾದ್‌ನ್ಯಾಗ ಒಂದು ಕೋಚಿಂಗ್ ಸೆಂಟರಿಗಿ ಹೋಗಿದ್ದೆ, ಹೆಸರು ಬ್ಯಾಡ, ಅಲ್ಲಿ ಸರ್ ಒಂದು ದಪ್ಪನ ಜೆರಾಕ್ಸ್ ಕೊಟ್ಟು ಇದ್ರಾಗಿನ ಶಬ್ದ ತುಂಬ್ರಿ, ಬ್ಯಾಂಡ್ (ಒಂಬತ್ತಕ್ಕ ಕೊಡೋ ಮಾರ್ಕ್) ತಾನೇ ಏರ್ತದ ಅಂದ್ರು. ಪ್ಲೆಥೋರಾ ಅಂತ, ಮಿರಿಯಡ್ ಅಂತ, ಎಂಥೆಂಥವೋ. ನಾ ಎಲ್ಲಾ ತುಂಬ್ದೆ, ಒಗ್ಗರಣಿಗಿ ಸಾಸಿವಿ ಜಾಸ್ತಿ ಹಾಕ್ದಂಗ. ಲಿಸನಿಂಗ್ ಏಳೂವರಿ, ರೀಡಿಂಗ್ ಏಳು, ಸ್ಪೀಕಿಂಗ್ ಏಳು, ರೈಟಿಂಗ್ ಆರು! ಆಗ ನರ್ಸ್‌ಗೋಳಿಗಿ ನಾಲ್ಕೂದ್ರಾಗ ಏಳು ಬೇಕಿತ್ತು. ರೈಲಿನ್ಯಾಗ ವಾಪಸ್ ಬರುವಾಗ ವಾಡಿತನಕ ಅತ್ಕೋತ ಬಂದೀನಿ.

ಈಗ ರೈಟಿಂಗ್‌ದಾಗ ಆರೂವರಿ ಸಾಕು, ಉಳಿದ ಮೂರ್ರಾಗ ಏಳು, ಆ ರೂಲ್ 2018ರ ಡಿಸೆಂಬರ್‌ನ್ಯಾಗ ಬದಲಾಯ್ತು. ಎರಡನೇ ಸಲ ನನಗ ಬಂದಿದ್ದು ಬರೋಬ್ಬರಿ ಆರೂವರಿ. ದೇವರು ನಕ್ಕ ಅಂದ್ಕೊಂಡೆ. ಆದ್ರ ಆರರಿಂದ ಆರೂವರಿಗಿ ನಾ ಹತ್ತಿದ್ದು ದೊಡ್ಡ ಶಬ್ದದಿಂದ ಅಲ್ಲ, ಅವನ್ನ ತೆಗೆದು ಒಗದು, ನಾ ಎಲ್ಲೆಲ್ಲಿ ಇಂಗ್ಲಿಷ್‌ದಾಗ ಕನ್ನಡ ಮಾತಾಡ್ತೀನಿ ಅಂತ ಹುಡುಕ್ಕೊಂಡು ಕುಂತೆ, ಅದ್ರಿಂದ.

ಮಾರ್ಕ್ ಹೆಂಗ ಹಾಕ್ತಾರಂತ ಮೊದಲು ತಿಳ್ಕೊ. ರೈಟಿಂಗ್‌ದಾಗ ನಾಲ್ಕು ಪಾಲು, ನಾಲ್ಕೂ ಸಮ: ಕೇಳಿದ ಪ್ರಶ್ನಿಗಿ ಉತ್ತರ ಕೊಟ್ಟಿಯೋ ಇಲ್ಲೋ, ಮಾತು ಒಂದಕ್ಕೊಂದು ಹೊಂದ್ಕೊಂಡು ಹೋಗ್ತದೋ ಇಲ್ಲೋ, ಶಬ್ದ, ಗ್ರಾಮರ್. ಅಂದ್ರ ಶಬ್ದಕ್ಕ ಕಾಲು ಪಾಲು ಅಷ್ಟೇ, ಅದ್ರಾಗೂ ಶಬ್ದ ಎಷ್ಟು ದೊಡ್ಡದು ಅಂತ ನೋಡಂಗಿಲ್ಲ, ಜಾಗಾಕ್ಕ ಕೂಡ್ತದೋ ಇಲ್ಲೋ ನೋಡ್ತಾರ. ಒಂದು ತಾಸಿನ್ಯಾಗ ಎರಡು ಬರೀಬೇಕು, ಮೊದಲ್ನೇದು 150 ಶಬ್ದ, ಎರಡ್ನೇದು 250, ಎರಡ್ನೇದಕ್ಕ ಮಾರ್ಕ್ ಡಬಲ್. ಹಿಂಗಿದ್ರೂ ಮಂದಿ ಮೊದಲ್ನೇದ್ರಾಗೇ ಮೂವತ್ತು ನಿಮಿಷ ಕಳೀತಾರ, ನಾನೂ ಕಳದೀನಿ.

ಈಗ ಶಬ್ದದ ಮಾತಿಗಿ ಬರ್ತೀನಿ, ಯಾಕಂದ್ರ ನೀ ಅದನ್ನೇ ಮೂರು ಸಲ ಕೇಳೀದಿ. ನಮ್ ಖಡಕ್ ಅನ್ನೋದು ತೊಗೊ. ಖಡಕ್ ರೊಟ್ಟಿ ಅಂತೀವಿ, ಖಡಕ್ ಚಾ ಅಂತೀವಿ, ಖಡಕ್ ಬಿಸಲು ಅಂತೀವಿ, ಖಡಕ್ ಆಫೀಸರ್ ಅಂತೀವಿ. ನಮಗ ಒಂದೇ ಶಬ್ದ ನಾಲ್ಕು ಕಡಿ ನಡೀತದ. ಇಂಗ್ಲಿಷ್‌ದಾಗ ನಾಲ್ಕಕ್ಕ ನಾಲ್ಕು ಬ್ಯಾರೆ: ರೊಟ್ಟಿಗಿ ಕ್ರಿಸ್ಪ್, ಚಾಕ್ಕ ಸ್ಟ್ರಾಂಗ್, ಬಿಸಲಿಗಿ ಸ್ಕಾರ್ಚಿಂಗ್, ಆಫೀಸರಿಗಿ ಸ್ಟ್ರಿಕ್ಟ್. ಚಾ ಸ್ಟ್ರಾಂಗ್ ಆಗ್ತದ ಆದ್ರ ಮಳಿ ಸ್ಟ್ರಾಂಗ್ ಅಲ್ಲ, ಹೆವಿ. ಯಾಕ ಅಂದ್ರ ಯಾಕಿಲ್ಲ, ನಾವು ಹಸಿವಿ ಆಗ್ಯದ ಅಂತೀವಿ, ಮಾರ್ಕ್ಸ್ ಬಿದ್ದಾವ ಅಂತೀವಿ, ಯಾರರ ಯಾಕ ಬಿದ್ದಾವ ಅಂತ ಕೇಳಿದ್ರ ಏನ್ ಹೇಳ್ತಿ. ಹಂಗೇ ಅದು. ಅದಕ್ಕ ಶಬ್ದ ಒಂಟಿ ಬರೀಬ್ಯಾಡ, ಜೋಡಿ ಬರಿ. ನಂದು ಎರಡು ನೂರು ಪುಟದ ನೋಟ್‌ಬುಕ್ ಇತ್ತು, ಎಡಕ್ಕ ನಮ್ ಮಾತು, ಬಲಕ್ಕ ಅವರ ಜೋಡಿ, ದಿನಕ್ಕ ಐದಾರು ಜೋಡಿ, ಅಷ್ಟೇ. ಸಂಜಿಕಿ ಆ ಐದು ಜೋಡಿ ಹಾಕಿ ಅವತ್ತಿನ ವಾರ್ಡಿನ ಸುದ್ದಿ ಬರೀತಿದ್ದೆ.

ಗ್ರಾಮರ್ ಪುಸ್ತಕ ಮೊದಲನೇ ಪುಟದಿಂದ ಹಿಡಿದ್ರ ನೀ ನೌನ್ ವರ್ಬ್ ಮುಗಿಸೋದ್ರಾಗ ಶ್ರಾವಣ ಬರ್ತದ. ನೀ ಬರ್ದಿದ್ದು ಒಂದು ಹತ್ತು ಪ್ಯಾರಾ ಯಾರಿಗರ ಬರೋವ್ರಿಗಿ ತೋರ್ಸು, ಎಲ್ಲಿ ತಪ್ಪಾಗ್ಯದ ಅಷ್ಟೇ ಗೆರಿ ಹೊಡ್ಯಕ ಹೇಳು, ತಿದ್ದೋದು ಬ್ಯಾಡ ಅನ್ನು, ಆಮ್ಯಾಲ ನೀನೇ ಎಣಿಸು. ನೂರು ತಪ್ಪು ಇದ್ರ ಅದ್ರಾಗ ಎಂಬತ್ತು ತಪ್ಪು ಬರೀ ನಾಲ್ಕೈದು ನಮೂನಿದ್ರಾಗೇ ಇರ್ತಾವ. ನಂದ್ರಾಗ ಇದ್ದವು.

ಒಂದು, ಎ ಮತ್ತ ದಿ. ನಮ್ಮಲ್ಲಿ ಇವು ಇಲ್ಲ, ಅದಕ್ಕ ಒಂದೋ ಪೂರಾ ಬಿಡ್ತೀವಿ ಇಲ್ಲಾ ಎಲ್ಲಾ ಕಡಿ ದಿ ಹಚ್ತೀವಿ. ನನಗ ಇದು ತಲಿಗಿ ಹೋಗಿದ್ದು ನಮ್ ಆಯಿ ಹೇಳ್ತಿದ್ದ ಕಥಿ ನೆನಪಾದ ಮ್ಯಾಲ. ಒಂದೂರಾಗ ಒಬ್ಬ ರಾಜ ಇದ್ದ, ಆ ರಾಜಗ ಒಬ್ಬಾಕಿ ಮಗಳಿದ್ಳು, ಆ ಮಗಳು... ನೋಡು, ಮೊದಲ ಸಲ ಬಂದಾಗ ಒಬ್ಬ, ಎರಡನೇ ಸಲ ಬಂದಾಗ ಆ. ಒಬ್ಬ ಅಂದ್ರ ಎ, ಆ ಅಂದ್ರ ದಿ. ಇಷ್ಟರಿಂದ ಅರ್ಧ ತಪ್ಪು ಹೋಗ್ತಾವ. ಉಳಿದರ್ಧ ರೂಢಿಯಿಂದ್ಲೇ ಬರ್ಬೇಕು. ಇಲ್ಲಿ ಪೇಷಂಟ್ ಆಗಿ ಅಡ್ಮಿಟ್ ಆದ್ರ ಇನ್ ಹಾಸ್ಪಿಟಲ್ ಅಂತಾರ, ದಿ ಇಲ್ಲ, ನಾನು ಕೆಲಸಕ್ಕ ಹೋದ್ರ ಅಟ್ ದಿ ಹಾಸ್ಪಿಟಲ್. ನನಗೂ ಒಮ್ಮೊಮ್ಮಿ ಇವತ್ತಿಗೂ ತಪ್ತದ, ಸುಳ್ಳ್ಯಾಕ ಹೇಳ್ಲಿ.

ಎರಡು, ಎಸ್. ನಾವು ಹತ್ತು ರೊಟ್ಟಿ ಕೊಡು ಅಂತೀವಿ, ಹತ್ತು ರೊಟ್ಟಿಗಳು ಅಂದ್ರ ಮಂದಿ ನಗ್ತಾರ. ಅದೇ ರೂಢಿ ಇಂಗ್ಲಿಷಿಗಿ ಬಂದು ಟೆನ್ ಪೇಷಂಟ್ ಅಂತ ಬರೀತೀವಿ. ಇದು ಬರೀ ರೈಟಿಂಗ್‌ದಾಗ ಅಲ್ಲ, ಲಿಸನಿಂಗ್‌ದಾಗೂ ಹೊಡ್ತದ, ಅಲ್ಲಿ 40 ಪ್ರಶ್ನಿ, ಆಡಿಯೋ ಒಂದೇ ಸಲ ಹಾಕ್ತಾರ, ಉತ್ತರ ಟಿಕೆಟ್ಸ್ ಇದ್ದು ನೀ ಟಿಕೆಟ್ ಬರ್ದ್ರ ಅದು ತಪ್ಪೇ, ಸ್ಪೆಲ್ಲಿಂಗ್ ತಪ್ಪಿದ್ರೂ ತಪ್ಪೇ. ಕೇಳೋದು ಬರೋಬ್ಬರಿ ಕೇಳಿರ್ತಿ, ಮಾರ್ಕ್ ಮಾತ್ರ ಹೋಗಿರ್ತದ. ಕಿವಿಗಿ ರೂಢಿ ಆಗ್ಲಿ ಅಂತ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ದ ಆರು ನಿಮಿಷದ ಕಾರ್ಯಕ್ರಮ ಬರ್ತದ ನೋಡು, ಪುಕ್ಕಟೆ ಅದ, ಬಸ್ಸಿನ್ಯಾಗ ಕೇಳ್ಕೋತ ಹೋಗು.

ಮೂರು, ಹೋಗಿದ್ದೆ ಬಂದಿದ್ದೆ. ಇದು ನನಗ ಯಾರೂ ಹೇಳಿರ್ಲಿಲ್ಲ. ನಾವು ನಿನ್ನಿ ಬೀದರಕ್ಕ ಹೋಗಿದ್ದೆ ಅಂತೀವಿ, ಅದನ್ನ ಸೀದಾ ಇಂಗ್ಲಿಷಿಗಿ ಹಾಕಿ ಐ ಹ್ಯಾಡ್ ಗಾನ್ ಅಂತೀವಿ. ಅವರಿಗಿ ಹ್ಯಾಡ್ ಗಾನ್ ಅಂದ್ರ ಇನ್ನೊಂದು ಏನೋ ಆಗೋಕಿಂತ ಮುಂಚೆ ಹೋಗಿದ್ದೆ ಅಂತ, ಮುಂದಿನ ಮಾತಿಗಿ ಕಾಯ್ತಾರ. ಇಲ್ಲಿ ಬಂದ ಹೊಸದ್ರಾಗ ಡ್ಯೂಟಿ ಮುಗಿಸಿ ಮುಂದಿನ ನರ್ಸಿಗಿ ಹ್ಯಾಂಡೋವರ್ ಕೊಡುವಾಗ ನಾ ದಿ ಡಾಕ್ಟರ್ ಹ್ಯಾಡ್ ಕಮ್ ಅಟ್ ಟೆನ್ ಅಂದೆ, ಎದುರಿಗಿನಾಕಿ ಪೆನ್ ಹಿಡ್ಕೊಂಡು ನನ್ನ ಮಾರಿ ನೋಡ್ಕೋತ ನಿಂತಾಳ, ನಾನೂ ನಿಂತೀನಿ, ಆಮ್ಯಾಲ ಆಕಿ ಅಂಡ್? ಅಂದ್ಳು. ಅಂಡ್ ಏನೂ ಇಲ್ಲವ್ವ, ಬಂದಿದ್ರು, ಅಷ್ಟೇ! ಕೇಮ್ ಅಟ್ ಟೆನ್ ಅಂದಿದ್ರ ಮುಗೀತಿತ್ತು. ಬರಿಯೋವಾಗ ನಿನ್ನಿ, ಹೋದ ವರ್ಷ, ಹತ್ತು ಗಂಟಿಗಿ ಅಂತ ಟೈಮ್ ಇತ್ತಂದ್ರ ಕಣ್ಣು ಮುಚ್ಚಿ ಸಾದಾ ಪಾಸ್ಟ್ ಹಾಕು.

ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್, ಡಿಸ್ಕಸ್ ಅಬೌಟ್, ಔಟ್ ಆಫ್ ಸ್ಟೇಷನ್, ಡು ದಿ ನೀಡ್‌ಫುಲ್, ಇಂಥ ನಮ್ ದೇಶದ ಇಂಗ್ಲಿಷೆಲ್ಲಾ ಅಲ್ಲಿ ನಡ್ಯಂಗಿಲ್ಲ ಅಂತ ನಿನಗೇ ಗೊತ್ತಿರ್ತದ, ಬಿಟ್ಟುಬಿಡು. ಅದಕ್ಕಿಂತ ದೊಡ್ಡದು ಒಂದದ, ಪರೀಕ್ಷಾದಾಗ ಯಾರೂ ಕೇಳಂಗಿಲ್ಲ, ಆದ್ರ ವಾರ್ಡಿನ್ಯಾಗ ಜೀವಾ ತೆಗೀತದ.

ಊಟ ಮಾಡಿಲ್ಲಾ? ಅಂತ ಕೇಳಿದ್ರ ನಾವು ಹೂಂ ಅಂತೀವಿ, ಅಂದ್ರ ಹೂಂ, ನೀ ಹೇಳಿದ್ದು ಖರೇ, ಮಾಡಿಲ್ಲ. ಇಂಗ್ಲಿಷ್‌ದಾಗ ಅದಕ್ಕ ನೋ ಅನ್ಬೇಕು. ಒಂದಿನ ರಾತ್ರಿ ಒಬ್ಬಾಕಿ ಸೀನಿಯರ್ ನನಗ ಯು ಹ್ಯಾವಂಟ್ ಗಿವನ್ ದಿ ಇನ್ಸುಲಿನ್? ಅಂದ್ಳು, ನಾ ಯೆಸ್ ಅಂದೆ. ನನ್ನ ಮನಸ್ಸಿನ್ಯಾಗ, ಹೌದ್ರಿ ಕೊಟ್ಟಿಲ್ಲ. ಆಕಿ ತಿಳ್ಕೊಂಡಿದ್ದು, ಕೊಟ್ಟಾಳ. ಚಾರ್ಟಿನ್ಯಾಗ ಸಹಿ ಖಾಲಿ ಇತ್ತು, ಅದನ್ನ ನೋಡಿ ಇನ್ನೊಮ್ಮಿ ಕೇಳಿದ್ಳಂತ ಪೇಷಂಟಿಗಿ ಡೋಸ್ ತಪ್ಪಲಿಲ್ಲ. ಅವತ್ತು ನನ್ನ ಕೈ ನಡುಗ್ತಿದ್ದವು. ಅವತ್ತಿಂದ ನಾ ಖಾಲಿ ಯೆಸ್ ನೋ ಅನ್ನಂಗೇ ಇಲ್ಲ, ನೋ, ಐ ಹ್ಯಾವಂಟ್ ಅಂತ ಪೂರಾ ಹೇಳ್ತೀನಿ. ನೀ ಈಗಿಂದೇ ಹಂಗ ರೂಢಿ ಮಾಡ್ಕೊ, ಸ್ಪೀಕಿಂಗ್‌ದಾಗೂ ಛಲೋ ಕಾಣ್ತದ.

ಸ್ಪೀಕಿಂಗ್ ಅಂದ್ರ ನೆನಪಾಯ್ತು, ಅದು 11ರಿಂದ 14 ನಿಮಿಷ, ನಡಕ ಒಂದು ಕಾರ್ಡ್ ಕೊಟ್ಟು ಒಂದು ನಿಮಿಷ ತಯಾರಿಗಿ ಬಿಡ್ತಾರ, ಎರಡು ನಿಮಿಷತನಕ ಮಾತಾಡ್ಬೇಕು. ನಮ್ ಹುಡುಗ್ಯಾರು ಕಲಬುರಗಿ ಈಸ್ ಎ ಹಿಸ್ಟಾರಿಕಲ್ ಸಿಟಿ ಅಂತ ಬಾಯಿಪಾಠ ಮಾಡ್ಕೊಂಡು ಹೋಗ್ತಾರ, ಎದುರು ಕುಂತಾವ್ರಿಗಿ ಅರ್ಧ ನಿಮಿಷದಾಗ ಗೊತ್ತಾಗ್ತದ, ದಿನಾ ಅದೇ ಕೇಳ್ತಾರ ಅವರು. ನನಗ ಕೈಯಿಂದ ಮಾಡಿದ ವಸ್ತು ಬಗ್ಗಿ ಬಂದಿತ್ತು. ನಾ ಬಿದ್ರಿ ಹೇಳ್ದೆ. ನಮ್ ಮನ್ಯಾಗ ಒಂದು ಬಿದ್ರಿ ಹೂದಾನಿ ಅದ, ಕಾಕಾ ಮದಿವಿಗಿ ಬಂದಿದ್ದು, ಬೀದರದಾಗ ಮಾಡೋವ್ರ ಅಂಗಡಿ ಮುಂದ ನಿಂತು ನೋಡೀನಿ: ಸತು ಜಾಸ್ತಿ, ತಾಮ್ರ ಜರಾ, ಕರಗ್ಸಿ ಎರಕಾ ಹೊಯ್ತಾರ, ಮೈಲುತುತ್ತದ ನೀರು ಸವರಿ ಕರ್ರಗ ಮಾಡಿ ಗೆರಿ ಕೆತ್ತತಾರ, ಆ ಗೆರಿಯೊಳಗ ಬೆಳ್ಳಿ ತಂತಿ ಕೂಡ್ಸಿ ಬಡೀತಾರ, ಕಡೀಕ ಕಿಲ್ಲಾದ ಹಳೀ ಮಣ್ಣು ಮತ್ತ ನವಸಾಗರ ಕಲಸಿ ತಿಕ್ಕಿದ್ರ ಮೈ ಪೂರಾ ಕರ್ರಗಾಗ್ತದ, ಬೆಳ್ಳಿ ಮಾತ್ರ ಹಂಗೇ ಬೆಳ್ಳಗ ಉಳೀತದ. ಇದನ್ನ ಹೇಳುವಾಗ ನನಗ ಗ್ರಾಮರ್ ನೆನಪೇ ಇರ್ಲಿಲ್ಲ, ಈಸ್ ಮೆಲ್ಟೆಡ್, ಈಸ್ ಪೋರ್ಡ್, ಈಸ್ ರಬ್ಡ್ ಅಂತ ಪ್ಯಾಸಿವ್ ತಾನೇ ಬಂತು. ಪರೀಕ್ಷಾ ತೊಗೊಳ್ಳಾಕಿ ಕಡೀಕ ಆ ಮಣ್ಣಿನ ಬಗ್ಗಿ ಎರಡು ಪ್ರಶ್ನಿ ಕೇಳಿದ್ಳು, ಮಾತು ಹರಟಿಯಂಗ ನಡೀತು. ರೈಟಿಂಗ್ ಮೊದಲನೇ ಟಾಸ್ಕಿನ್ಯಾಗ ಗ್ರಾಫ್ ಬದಲಿ ಒಮ್ಮೊಮ್ಮಿ ಇಂಥದೇ ಪ್ರೊಸೆಸ್ ಚಿತ್ರ ಬರ್ತದ, ಅಲ್ಲೂ ಇದೇ ಪ್ಯಾಸಿವ್ ಕೆಲಸಕ್ಕ ಬರ್ತದ.

ಉಚ್ಚಾರ ನಮ್ ಕಡೀದು ಇದ್ರ ಇರ್ಲಿ, ಇಂಗ್ಲೆಂಡಿನವ್ರ ಹಂಗ ನಾಲಿಗಿ ತಿರುವೋದು ಬೇಕಿಲ್ಲ, ಸ್ಪಷ್ಟ ಇದ್ರ ಸಾಕು. ಆದ್ರ ಇಸ್ಕೂಲ್, ಇಸ್ಟೇಷನ್, ಇಸ್ಟಾಫ್ ಅನ್ನೋದು ಬಿಡ್ಬೇಕು, ಮುಂದಿನ ಇ ನುಂಗು. ನಾ ಕನ್ನಡಿ ಮುಂದ ನಿಂತು ಸ್ಸ್ಸ್ ಅಂತ ಹಾವಿನಂಗ ಮಾಡ್ತಿದ್ದೆ, ನಮ್ಮವ್ವ ಇವಳಿಗಿ ಏನೋ ಹತ್ಯದ ಅಂತಿದ್ಳು.

ಇಲ್ಲಿ ತಿಳೀತದೇನು ಅಂತ ಕೇಳೀದಿ. ನಿಂದು ಅವರಿಗಿ ತಿಳೀತದ, ಅವರದು ನಿನಗ ತಿಳಿಯಕ ಮೂರು ತಿಂಗಳು ಹೈರಾಣ ಆಗ್ತಿ. ನಾ ಇರೋದು ನಾಟಿಂಗ್‌ಹ್ಯಾಮ್ ಕಡಿ, ಮೊದಲ ವಾರ ಒಬ್ಬ ಮುದುಕ ನನಗ ಥ್ಯಾಂಕ್ಯೂ ಡಕ್ ಅಂದ, ನಾ ಬಾತುಕೋಳಿ ಅಂತಾನಲ್ಲ ಅಂತ ಮುಖಾ ಸಣ್ಣ ಮಾಡ್ಕೊಂಡೆ, ಅದು ನಮ್ಮಲ್ಲಿ ಯವ್ವಾ ಅಂದಂಗ, ಪ್ರೀತಿಲಿಂದ. ಒಬ್ಬಾಕಿ ಅಜ್ಜಿ ಐ ನೀಡ್ ಟು ಸ್ಪೆಂಡ್ ಎ ಪೆನಿ ಅಂದ್ಳು, ನಾ ರೊಕ್ಕ ಬೇಕೇನೋ ಅಂದ್ಕೊಂಡು ಆಕಿ ಪರ್ಸ್ ತಂದು ಕೊಟ್ಟೆ, ಆಕಿಗಿ ಬೇಕಿದ್ದಿದ್ದು ಟಾಯ್ಲೆಟ್. ಟೀ ಅಂದ್ರ ಇಲ್ಲಿ ಭಾಳ ಮಂದಿಗಿ ಸಂಜಿ ಊಟ. ಐಇಎಲ್‌ಟಿಎಸ್‌ದಾಗ ಏಳು ಬಂದ್ರೂ ಇವು ಬರಂಗಿಲ್ಲ, ಕೇಳ್ಬೇಕು, ತಿಳೀಲಿಲ್ಲ ಇನ್ನೊಮ್ಮಿ ಹೇಳ್ರಿ ಅನ್ನೋದಕ್ಕ ನಾಚ್ಬಾರ್ದು. ನಾ ಮೊದಲು ನಾಚಿ ತಲಿ ಅಲ್ಲಾಡಿಸ್ತಿದ್ದೆ, ಅದೇ ಕೆಟ್ಟದ್ದು.

ಒಇಟಿ ಬರೀಲೇನು ಅಂತ ಕಡೀಕ ಒಂದು ಸಾಲು ಹಾಕೀದಿ. ಅದು ನರ್ಸ್ ಡಾಕ್ಟರ್‌ಗೋಳಿಗಂತಲೇ ಇರೋ ಇಂಗ್ಲಿಷ್ ಪರೀಕ್ಷಾ, ರೈಟಿಂಗ್‌ದಾಗ ಪ್ರಬಂಧ ಇಲ್ಲ, ಕೇಸ್ ನೋಟ್ಸ್ ನೋಡಿ ಲೆಟರ್ ಬರಿಯೋದು, ಮೂರ್ರಾಗ ಬಿ ಗ್ರೇಡ್, ರೈಟಿಂಗ್‌ದಾಗ ಸಿ ಪ್ಲಸ್ ಇದ್ರ ನಡೀತದ. ನೀ ಮೂರು ವರ್ಷ ವಾರ್ಡ್ ಮಾಡೀದಿ, ನನ್ನ ಕೇಳಿದ್ರ ನಿನಗ ಅದೇ ಹಗುರ, ಆದ್ರ ಫೀ ಐಇಎಲ್‌ಟಿಎಸ್‌ಕಿಂತ ಜಾಸ್ತಿ, ಮನ್ಯಾಗ ಕೇಳ್ಕೊ. ಎರಡ್ರದೂ ರಿಸಲ್ಟ್ ಎರಡು ವರ್ಷ ನಡೀತದ, ಅದಕ್ಕ ಪಾಸ್‌ಪೋರ್ಟ್ ಕಾಗದಪತ್ರ ಮೊದಲು ಸುರು ಮಾಡು, ಪರೀಕ್ಷಾ ಬರ್ದು ಕುಂತು ಕಾಗದಕ್ಕ ಕಾಯ್ಬ್ಯಾಡ. ಫೀ ಕಟ್ಟೋಕಿಂತ ಮುಂಚೆ ಇಲ್ಲಿ ನರ್ಸ್‌ಗೋಳ ಹೆಸರು ನೋಂದಾಯಿಸೋ ಸಂಸ್ಥಾ ಎನ್‌ಎಂಸಿ ವೆಬ್‌ಸೈಟ್ ನೀನೇ ತೆರದು ನೋಡು, ಏಜೆಂಟ್ ಹೇಳಿದ್ದು ನಂಬಬ್ಯಾಡ, ರೂಲ್ ಬದಲಾಗ್ತಿರ್ತಾವ.

ಈಗ ಒಂದು ಕೆಲಸ ಮಾಡು. ನಿಮ್ಮ ಕಡಿ ದಾಲ್ ಮಿಲ್ ಅವ ಅಲಾ, ಒಂದ್ಸಲ ಹೋಗಿ ನಿಂತು ನೋಡು, ತೊಗರಿ ಹೆಂಗ ಹಸನ ಮಾಡ್ತಾರ, ಎಣ್ಣಿ ಹೆಂಗ ಹಚ್ತಾರ, ಹೆಂಗ ಒಣಗಿಸ್ತಾರ, ಹೆಂಗ ಒಡದು ಬ್ಯಾಳಿ ಆಗ್ತದ. ಅದನ್ನ 150 ಶಬ್ದದಾಗ ಇಂಗ್ಲಿಷ್‌ದಾಗ ಬರ್ದು ಫೋಟೋ ಹೊಡ್ದು ಕಳಿಸು. ಡಿಕ್ಷನರಿ ನೋಡಬ್ಯಾಡ, ಗೂಗಲ್ ಟ್ರಾನ್ಸ್‌ಲೇಟ್ ಅಂತೂ ಬ್ಯಾಡೇ ಬ್ಯಾಡ, ಓದಿದ್ರ ನನಗ ಗೊತ್ತಾಗ್ತದ. ಐತಾರ ನನಗ ರಜಾ ಅದ, ಮಧ್ಯಾಹ್ನ ಕೂತು ಗೆರಿ ಹೊಡ್ದು ಕಳಿಸ್ತೀನಿ, ಎ ದಿ ಎಷ್ಟು ಬಿಟ್ಟೀದಿ ನೋಡಮು.