ಝೆರಾಕ್ಸ್ ಯಂತ್ರ ಪದೇಪದೇ ಜಾಮ್ ಆಗುತ್ತಿದೆ, 80 ಜಿಎಸ್‌ಎಂ ಹಾಳೆ ತಂದರೆ ಸರಿಹೋಗುವುದೇ?

ಬೆಳಗಾವಿಯ ಕಚೇರಿ, ಮಳೆಗಾಲ, ಎರಡೂ ಬದಿ ಪ್ರತಿ ತೆಗೆಯುವಾಗ ಎರಡನೆಯ ಬದಿಯಲ್ಲಿ ಸಿಕ್ಕಿಕೊಳ್ಳುವ ಹಾಳೆ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ ಹಾಳೆ) ಬಿಟ್ಟು 80ಕ್ಕೆ ಹೋಗಬೇಕೋ ಅಥವಾ ಯಂತ್ರವನ್ನೇ ಬದಲಿಸಬೇಕೋ ಎಂಬ ಗೊಂದಲ. ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ 2016ರ ಆಗಸ್ಟ್ ತಿಂಗಳು ನನ್ನ ಕಣ್ಣ ಮುಂದೆ ಬಂದು ನಿಂತಿತು.

ಆಗ ನಾನು ಇದೇ ಊರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೆ. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಮುಗಿಯುವುದರೊಳಗೆ ನಡೆಯಬೇಕಾದ್ದರಿಂದ, ವರದಿ ಮತ್ತು ಅಢಾವೆ ಪತ್ರಿಕೆಯ ಪ್ರತಿಗಳನ್ನು ತೆಗೆಯುವ ಕೆಲಸ ಪ್ರತಿವರ್ಷವೂ ಜಡಿಮಳೆಯ ದಿನಗಳಲ್ಲಿಯೇ ಬರುತ್ತದೆ. ಆ ವರ್ಷ ಸುಮಾರು ಆರುನೂರು ಸದಸ್ಯರಿಗೆ ತಲಾ ಹದಿನಾಲ್ಕು ಹಾಳೆಗಳ ವರದಿ ಸಿದ್ಧವಾಗಬೇಕಿತ್ತು. ಇದಕ್ಕೂ ದಿನನಿತ್ಯದ ಬಳಕೆಗೂ ಎಂದು ನಾನು ಮೇ ತಿಂಗಳಲ್ಲಿ 75 ಜಿಎಸ್‌ಎಂನ 40 ರೀಮುಗಳನ್ನು (ಒಂದು ರೀಮ್ ಎಂದರೆ ಐನೂರು ಹಾಳೆಗಳ ಕಟ್ಟು) ಒಮ್ಮೆಲೇ ತರಿಸಿದ್ದೆ. ಹಾಳೆ ಒಳ್ಳೆಯದೇ ಆಗಿತ್ತು. ಮಾರಿದವರದು ಏನೂ ತಪ್ಪಿರಲಿಲ್ಲ. ತಪ್ಪು ನನ್ನದು, ಮತ್ತು ಅದನ್ನು ನಾನು ಅತಿಯಾದ ಅಚ್ಚುಕಟ್ಟಿನ ಹೆಸರಿನಲ್ಲಿ ಮಾಡಿದ್ದೆ.

ಹಿಂದಿನ ವರ್ಷ ಲೆಕ್ಕ ಪರಿಶೋಧನೆಯ ಹೊತ್ತಿನಲ್ಲಿ ಎರಡು ರೀಮುಗಳ ಲೆಕ್ಕ ಸಿಗದೆ ಅಧ್ಯಕ್ಷರಿಂದ ಮಾತು ಕೇಳಿಸಿಕೊಂಡಿದ್ದೆ. ಈ ಬಾರಿ ಹಾಗಾಗಬಾರದೆಂದು ನಲವತ್ತೂ ರೀಮುಗಳ ಹೊದಿಕೆಯನ್ನು ಒಂದೇ ಮಧ್ಯಾಹ್ನ ಕುಳಿತು ಹರಿದು ಹಾಕಿ, ಬರಿ ಹಾಳೆಗಳನ್ನು ಕಬ್ಬಿಣದ ಕಪಾಟಿನಲ್ಲಿ ನಾಲ್ಕು ಥಪ್ಪಿಗಳಾಗಿ ಒಟ್ಟಿದೆ. ಪ್ರತಿ ಥಪ್ಪಿಯ ಪಕ್ಕದಲ್ಲಿ, ಅಣೆಕಟ್ಟಿನ ನೀರಿನ ಮಟ್ಟ ಗುರುತಿಸುವಂತೆ, ಪೆನ್ಸಿಲಿನಿಂದ ಗೆರೆ ಎಳೆದೆ. ಕಪಾಟು ತೆರೆದ ಕೂಡಲೇ ಎಷ್ಟು ಉಳಿದಿದೆ ಎಂದು ಯಾರಿಗೂ ಕಾಣಬೇಕೆಂಬುದು ನನ್ನ ಯೋಜನೆ. ರೀಮಿನ ಹೊದಿಕೆ ಎಂದರೆ ಅಂಗಡಿಯಿಂದ ಕಚೇರಿಗೆ ಬರುವವರೆಗಿನ ಕಟ್ಟು ಎಂದೇ ನಾನು ತಿಳಿದಿದ್ದೆ. ಅದರ ಒಳಪದರ ತೇವವನ್ನು ತಡೆಯುವುದಕ್ಕಾಗಿಯೇ ಇದೆ ಎಂಬುದು ತಿಳಿದಿರಲಿಲ್ಲ. ಕಾರ್ಖಾನೆಯಿಂದ ಹೊರಡುವಾಗ ಇಂತಹ ಹಾಳೆಯಲ್ಲಿ ನೂರಕ್ಕೆ ನಾಲ್ಕೈದು ಭಾಗ ತೇವವಿರುತ್ತದೆ, ಆ ಪ್ರಮಾಣವನ್ನು ಹೊದಿಕೆ ಕಾಯ್ದುಕೊಂಡು ಬರುತ್ತದೆ. ಹೊದಿಕೆಯ ಮೇಲೆ ಒಂದು ಬಾಣದ ಗುರುತೂ ಇರುತ್ತದೆ. ಯಾವ ಬದಿಗೆ ಮೊದಲು ಅಚ್ಚು ಬೀಳಬೇಕೆಂಬುದನ್ನು ಅದು ಹೇಳುತ್ತದೆ. ನಲವತ್ತು ಬಾಣಗಳೂ ಅಂದು ಕಸದ ಬುಟ್ಟಿಗೆ ಹೋದವು. ಇಷ್ಟು ಸಾಲದೆಂಬಂತೆ, ಕಪಾಟು ನಿಂತಿದ್ದುದು ಪಡುವಣ ಗೋಡೆಗೆ ಒರಗಿಕೊಂಡು. ಜೂನ್ ಬಂತೆಂದರೆ ಆ ಗೋಡೆಯ ಸುಣ್ಣ ಹಸಿಯಾಗಿ ಕೈಗೆ ಅಂಟುತ್ತಿತ್ತು.

ಜುಲೈನಲ್ಲಿ ಎರಡು ಸೂಚನೆಗಳು ಸಿಕ್ಕವು, ಎರಡನ್ನೂ ನಾನು ತಲೆಕೆಳಗಾಗಿ ಓದಿಕೊಂಡೆ. ಮೊದಲನೆಯದು, ದಿನವೂ ಹಾಳೆ ತೆಗೆಯುತ್ತಿದ್ದರೂ ಥಪ್ಪಿ ಗೆರೆಯಿಂದ ಕೆಳಗಿಳಿಯುತ್ತಿರಲಿಲ್ಲ. ಉಳಿತಾಯವಾಗುತ್ತಿದೆ ಎಂದು ಸಂತೋಷಪಟ್ಟೆ. ವಾಸ್ತವವಾಗಿ ಅಂಚುಗಳು ತೇವ ಕುಡಿದು ಅಲೆಅಲೆಯಾಗಿ ಎದ್ದು, ಥಪ್ಪಿಯೇ ಎತ್ತರವಾಗಿತ್ತು. ಎರಡನೆಯದು, ಪೇಟೆಯಲ್ಲಿ 70 ಜಿಎಸ್‌ಎಂ ಹಾಳೆಯನ್ನು 75 ಎಂದು ಮಾರುತ್ತಾರೆ ಎಂದು ನಿರ್ದೇಶಕರೊಬ್ಬರು ಸಂಶಯ ಎತ್ತಿದಾಗ, ನಾನು ಐನೂರು ಹಾಳೆಗಳನ್ನು ಎಣಿಸಿ, ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. 75 ಜಿಎಸ್‌ಎಂನ ಎ4 ಹಾಳೆ ಐನೂರಕ್ಕೆ 2 ಕಿಲೋ 340 ಗ್ರಾಂ ತೂಗಬೇಕು. ನನ್ನದು 2 ಕಿಲೋ 430 ಗ್ರಾಂ ತೂಗಿತು. ಸರಕು ತೂಕಕ್ಕಿಂತ ಹೆಚ್ಚೇ ಇದೆ ಎಂದು ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದೆ. ಆ ಹೆಚ್ಚಿನ 90 ಗ್ರಾಂ ನೀರು ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಆಗಸ್ಟಿನಲ್ಲಿ ವರದಿಯ ಕೆಲಸ ಆರಂಭಿಸಿದಾಗ ಮೊದಲ ಬದಿ ಹೇಗೋ ಬರುತ್ತಿತ್ತು, ಎರಡನೆಯ ಬದಿಗೆ ತಿರುಗುವಾಗ ಹಾಳೆ ಒಳಗೇ ಉಳಿಯುತ್ತಿತ್ತು. ಹೊರಬಂದವೂ ಸುಕ್ಕುಗಟ್ಟಿ, ಅಕ್ಷರಗಳು ಅಲ್ಲಲ್ಲಿ ಮಾಸಿ, ಸುರುಳಿಯಾಗಿರುತ್ತಿದ್ದವು. ಸುಕ್ಕನ್ನು ಕಂಡ ನಾನು ಫ್ಯೂಸರ್ (ಪುಡಿಯನ್ನು ಶಾಖದಿಂದ ಹಾಳೆಗೆ ಅಂಟಿಸುವ ಭಾಗ) ಕೆಟ್ಟಿದೆ ಎಂದು ತೀರ್ಮಾನಿಸಿ, ಇನ್ನೊಮ್ಮೆ ನೋಡೋಣ ಎಂದ ಮೆಕ್ಯಾನಿಕನ ಮಾತನ್ನು ಕೇಳದೆ ಹೊಸದನ್ನೇ ಹಾಕಿಸಿದೆ. ಎಎಂಸಿಯಲ್ಲಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ, ಆ ಭಾಗ ಸೇರಿರಲಿಲ್ಲವಾದ್ದರಿಂದ ಸಂಘಕ್ಕೆ 14,000 ರೂಪಾಯಿ ಖರ್ಚಾಯಿತು. ಮರುದಿನ ಹೊಸ ಫ್ಯೂಸರಿನಿಂದಲೂ ಅದೇ ಸುಕ್ಕು, ಅದೇ ಸುರುಳಿ.

ಎರಡನೆಯ ಸಲ ಬಂದ ಆ ಮೆಕ್ಯಾನಿಕ್ ಹುಡುಗ ಯಂತ್ರದ ಮುಚ್ಚಳವನ್ನೂ ತೆರೆಯಲಿಲ್ಲ. ತನ್ನ ಚೀಲದಿಂದ ಹೊದಿಕೆ ಬಿಚ್ಚದ ಒಂದು ರೀಮನ್ನು ತೆಗೆದು, ಅಲ್ಲಿಯೇ ಹರಿದು, ಟ್ರೇಗೆ ಹಾಕಿ, ಎರಡೂ ಬದಿಗೆ ಐವತ್ತು ಪ್ರತಿ ತೆಗೆದ. ಒಂದೂ ನಿಲ್ಲಲಿಲ್ಲ. ಆಮೇಲೆ ನನ್ನ ಕಪಾಟಿನಿಂದ ಒಂದು ಹಿಡಿ ಹಾಳೆ ತಂದು, ಅಂಚನ್ನು ಬೆರಳಿನಿಂದ ಸವರಿ, "ಸರ್ರ, ಮಷೀನಿಗೆ ಏನೂ ಆಗಿಲ್ರಿ, ನಿಮ್ಮ ಹಾಳಿಗೆ ನೆಗಡಿ ಆಗೇತಿ" ಎಂದ.

ಝೆರಾಕ್ಸ್ ಎಂಬ ಹೆಸರು ಒಣ ಎಂಬರ್ಥದ ಗ್ರೀಕ್ ಪದದಿಂದ ಬಂದಿದೆ ಎಂಬುದನ್ನು ನಾನು ತಿಳಿದದ್ದು ಆ ಬಳಿಕ. ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಮೊದಲ ಪ್ರತಿಯನ್ನು ತೆಗೆದದ್ದೇ ಶಾಯಿ, ದ್ರಾವಣಗಳ ಹಂಗಿಲ್ಲದೆ, ಒಣ ಪುಡಿಯಿಂದ. ಇಂದಿನ ಯಂತ್ರದಲ್ಲಿಯೂ ಡ್ರಮ್ ಎಂಬ ಉರುಳೆಯ ಮೇಲೆ ಕುಳಿತ ಟೋನರ್ ಎಂಬ ಒಣ ಪುಡಿಯನ್ನು ಹಾಳೆಯ ಹಿಂದಿನಿಂದ ವಿದ್ಯುದಾವೇಶ ಕೊಟ್ಟು ಸೆಳೆಯಲಾಗುತ್ತದೆ. ಹಾಳೆ ಹಸಿಯಾಗಿದ್ದರೆ ಆ ಆವೇಶ ಹಾಳೆಯೊಳಗೇ ಹರಿದು ಸೋರಿಹೋಗುತ್ತದೆ, ಪುಡಿ ಪೂರ್ತಿ ಇಳಿಯದೆ ಅಕ್ಷರ ಮಾಸುತ್ತದೆ. ಅನಂತರ ಸುಮಾರು 180 ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಫ್ಯೂಸರಿನಲ್ಲಿ ಒಳಗಿನ ನೀರು ಆವಿಯಾಗಿ, ಎರಡು ಬದಿಗಳು ಬೇರೆಬೇರೆ ವೇಗದಲ್ಲಿ ಒಣಗಿ ಹಾಳೆ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿಕೊಂಡ ಹಾಳೆ ಎರಡನೆಯ ಬದಿಗಾಗಿ ಮತ್ತೆ ಒಳಗೆ ಹೋಗುವಾಗ ಅದರ ತುದಿ ದಾರಿ ತಪ್ಪುತ್ತದೆ. ನಿಮ್ಮಲ್ಲಿ ಜಾಮ್ ಎರಡನೆಯ ಬದಿಯಲ್ಲೇ ಆಗುತ್ತಿದೆ ಎಂದು ನೀವೇ ಬರೆದಿರುವುದರಿಂದ ನನಗೆ ಸಂಶಯ ಬಂದಿರುವುದು ಯಂತ್ರದ ಮೇಲಲ್ಲ.

ಆದ್ದರಿಂದ 70 ಅಥವಾ 80 ಎಂಬ ನಿಮ್ಮ ಪ್ರಶ್ನೆಯೇ ಸರಿಯಲ್ಲ ಎಂದು ನಾನು ಹೇಳುತ್ತೇನೆ. ಜಿಎಸ್‌ಎಂ ಎಂಬುದು ಒಂದು ಚದರ ಮೀಟರ್ ಹಾಳೆಯ ತೂಕವೇ ಹೊರತು ಗುಣಮಟ್ಟದ ಅಂಕವಲ್ಲ. 80ರ ಎ4 ಹಾಳೆ 5 ಗ್ರಾಂ, 70ರದು ಸುಮಾರು 4.4 ಗ್ರಾಂ, ಈ ಅರ್ಧ ಗ್ರಾಂ ಚಿಲ್ಲರೆಯಿಂದ ಹಾಳೆಗೆ ಸ್ವಲ್ಪ ಬಿಗಿ ಬರುತ್ತದೆ ಎಂಬುದು ನಿಜವಾದರೂ, ಹಸಿಯಾದ 80ಕ್ಕಿಂತ ಒಣಗಿದ 70 ಎಷ್ಟೋ ಮೇಲು. ಬೆಳ್ಳಗೆ ಹೊಳೆಯುವ ಹಾಳೆಗೆ ಹೆಚ್ಚು ಹಣ ಕೊಡುವುದಂತೂ ಯಂತ್ರದ ದೃಷ್ಟಿಯಿಂದ ವ್ಯರ್ಥ. ಹಣ ಕೊಡುವುದಾದರೆ ಕತ್ತರಿಸಿದ ಅಂಚಿಗೆ ಕೊಡಿ: ರೀಮಿನ ಅಂಚನ್ನು ಕಪ್ಪು ಬಟ್ಟೆಯ ಮೇಲೆ ತಟ್ಟಿ ನೋಡಿದಾಗ ಬಿಳಿ ಪುಡಿ ಉದುರಿದರೆ, ಆ ಪುಡಿ ನಾಳೆ ಹಾಳೆ ಎಳೆಯುವ ರಬ್ಬರ್ ರೋಲರಿಗೆ ಮೆತ್ತಿಕೊಂಡು ಅದನ್ನು ನುಣುಪಾಗಿಸುತ್ತದೆ ಎಂದೇ ತಿಳಿಯಿರಿ. ಹೊದಿಕೆಯ ಮೇಲೆ ಐಎಸ್ 14490 ಎಂಬ ಗುರುತಿದೆಯೇ ಎಂದೂ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಕಾಪಿಯರ್ ಹಾಳೆಗೆ ಇರುವ ಮಾನಕ ಅದು.

ಹೊಸ ಯಂತ್ರದ ಮಾತನ್ನು ಸದ್ಯಕ್ಕೆ ಬದಿಗಿಡಿ. ಅಂಗಡಿಯಿಂದ ಒಂದೇ ಒಂದು ರೀಮ್ ತಂದು, ಬಿಚ್ಚದೆ ಒಂದು ರಾತ್ರಿ ಯಂತ್ರವಿರುವ ಕೋಣೆಯಲ್ಲಿ ಇಟ್ಟು, ಬೆಳಿಗ್ಗೆ ಬಾಣದ ಗುರುತು ನೋಡಿ ಟ್ರೇಗೆ ಹಾಕಿ, ಎರಡೂ ಬದಿಗೆ ನೂರು ಪ್ರತಿ ತೆಗೆಯಿರಿ. ಸಂಜೆ ಟ್ರೇಯಲ್ಲಿ ಉಳಿದ ಹಾಳೆಯನ್ನು ಅದರದೇ ಹೊದಿಕೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ತೇವ ಹಿಡಿದ ಹಳೆಯ ಹಾಳೆಯನ್ನು ಬಿಸಿಲಿಗೆ ಹರಡಿ ಬದುಕಿಸುವ ಪ್ರಯತ್ನ ಬೇಡ. ನಾನು ಮಾಡಿದ್ದೆ, ಅಲೆ ಹೋಗಲಿಲ್ಲ, ಮತ್ತು ಕೊನೆಗೆ ಆ ವರ್ಷದ ವರದಿ ಹೊರಗಿನ ಮುದ್ರಣಾಲಯದಲ್ಲಿ ಅಚ್ಚಾಯಿತು.

ವಿಜಯಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ನಮ್ಮ ಭಾವನವರ ತೊಂದರೆ ಇದಕ್ಕೆ ತಿರುಗುಮುರುಗು. ಅಲ್ಲಿನ ಏಪ್ರಿಲ್ ಬಿಸಿಲಿಗೆ ಹಾಳೆ ಅತಿಯಾಗಿ ಒಣಗಿ, ಸ್ಥಿರ ವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿ, ಎರಡು ಮೂರು ಒಟ್ಟಿಗೆ ಒಳಗೆ ಹೋಗುತ್ತವೆ. ಅವರೂ ಈಗ ಬೇಕಾದಷ್ಟೇ ರೀಮ್ ಬಿಚ್ಚಿ, ಹಾಳೆಗಳನ್ನು ಒಮ್ಮೆ ಬೀಸಣಿಗೆಯಂತೆ ಬಿಡಿಸಿ ಟ್ರೇಗೆ ಹಾಕುತ್ತಾರೆ.

ಹೊಸ ರೀಮಿನಲ್ಲಿಯೂ ಹಾಳೆ ಸಿಕ್ಕಿಕೊಂಡರೆ ಮಾತ್ರ ಮೆಕ್ಯಾನಿಕನನ್ನು ಕರೆಸಿ, ಮೊದಲು ರೋಲರುಗಳನ್ನು ನೋಡಲು ಹೇಳಿ. ಆಗ ಹಾಳೆ ನಿಲ್ಲುವುದು ಟ್ರೇಯ ಬಾಯಲ್ಲೋ ಫ್ಯೂಸರ್ ದಾಟಿದ ಮೇಲೋ ಎಂಬುದನ್ನು ಇಲ್ಲಿ ಬರೆದರೆ, ನನಗೆ ತಿಳಿದಷ್ಟನ್ನು ಹೇಳುತ್ತೇನೆ.