ಓದುಗರ ಪ್ರಶ್ನೆ: ತ್ರಿಕೋನ ಯಾಕೆ ಕೂಡಲಿಲ್ಲ?

ಪ್ರಶ್ನೆ: ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ದಾನಿಗಳು 4 ಹಳೆಯ ಕಂಪ್ಯೂಟರ್ ಕೊಟ್ಟಿದ್ದಾರೆ. ನಾಲ್ಕು ಮತ್ತು ಐದನೇ ತರಗತಿ ಸೇರಿ 32 ಮಕ್ಕಳು. ಇಂಟರ್ನೆಟ್ ಇಲ್ಲ, ಕರೆಂಟನ್ನು ನಂಬುವಂತಿಲ್ಲ. ನಾನು ಡಿ.ಎಡ್. ಮಾಡಿದವಳು, ಕಂಪ್ಯೂಟರ್ ಓದಿದವಳಲ್ಲ. ಎಲ್ಲಿಂದ ಶುರು ಮಾಡಲಿ?
– ಶಿಕ್ಷಕಿ, ಸಿರಾ ತಾಲ್ಲೂಕು

ಉತ್ತರ: ಮೇಡಂ, ‘ಕಂಪ್ಯೂಟರಿನ ಭಾಗಗಳನ್ನು ಹೆಸರಿಸಿ’ ಎಂಬಲ್ಲಿಂದ ಮಾತ್ರ ಶುರು ಮಾಡಬೇಡಿ. ಮಾನಿಟರ್, ಸಿಪಿಯು, ಮೌಸ್ ಎಂದು ಚಿತ್ರ ಬರೆಸಿ ಬಣ್ಣ ಹಚ್ಚಿಸಿದ ನೋಟ್‌ಬುಕ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಮಕ್ಕಳಿಗೆ ಯಂತ್ರದ ಹೆಸರೆಲ್ಲ ಬಾಯಿಪಾಠ. ಅದಕ್ಕೆ ಒಂದು ಕೆಲಸ ಹೇಳಿ ಅಂದರೆ ಸುಮ್ಮನೆ ನಿಲ್ಲುತ್ತಾರೆ. ಮಗು ಕಲಿಯಬೇಕಾದ್ದು ಕೆಲಸವನ್ನು ಬಿಡಿಬಿಡಿಯಾಗಿ, ಕ್ರಮವಾಗಿ ಹೇಳುವುದನ್ನು. ಅದು ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ತಾನೇ ಹುಡುಕುವುದನ್ನು. ಇದಕ್ಕೆ ಮೊದಲ ಕೆಲವು ವಾರ ಕರೆಂಟೇ ಬೇಡ.

ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಬ್ಬಳ ಕೈಗೆ ನಾಲ್ಕು ಚುಕ್ಕಿ, ನಾಲ್ಕು ಸಾಲಿನ ರಂಗೋಲಿ ಕೊಡಿ. ಇನ್ನೊಬ್ಬನ ಕೈಗೆ ಬರೀ ಚುಕ್ಕಿ ಇಟ್ಟ ಸ್ಲೇಟು. ಅವಳು ಹೇಳಬೇಕು, ಅವನು ಎಳೆಯಬೇಕು, ತಿರುಗಿ ನೋಡುವಂತಿಲ್ಲ. ‘ಇಲ್ಲಿಂದ ಅಲ್ಲಿಗೆ ಗೆರೆ ಎಳಿ’ ಎನ್ನುತ್ತಾಳೆ. ‘ಎಲ್ಲಿಂದ ಎಲ್ಲಿಗೆ?’ ಎನ್ನುತ್ತಾನೆ. ಸ್ವಲ್ಪ ಜಗಳವಾಗುತ್ತದೆ, ಆಗಲಿ. ಆಮೇಲೆ ಯಾರೋ ಒಬ್ಬರು ‘ಎರಡನೇ ಸಾಲು, ಮೂರನೇ ಚುಕ್ಕಿ’ ಎಂದು ಹೇಳತೊಡಗುತ್ತಾರೆ. ಆ ಉಪಾಯವನ್ನು ನೀವಾಗಿ ಹೇಳಿಕೊಡಬೇಡಿ. ಪರದೆಯ ಮೇಲಿನ ಪ್ರತಿ ಚುಕ್ಕಿಗೂ ಕಂಪ್ಯೂಟರ್ ವಿಳಾಸ ಕೊಡುವುದು ಹೀಗೆಯೇ. ಮಕ್ಕಳು ಅದನ್ನು ಸ್ಲೇಟಿನ ಮೇಲೆ ತಾವೇ ಕಂಡುಕೊಂಡಿರುತ್ತಾರೆ.

ಮುಂದಿನದು ಆಮೆ ಆಟ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್‌ಝೈಗ್ ಮೂವರೂ ಸೇರಿ ಮಕ್ಕಳಿಗಾಗಿಯೇ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಕೆಲವು ವರ್ಷಗಳಲ್ಲಿ ಅದಕ್ಕೆ ಆಮೆಯೂ ಜೊತೆಯಾಯಿತು. ಮೊದಲ ಆಮೆ ಪರದೆಯ ಮೇಲಿರಲಿಲ್ಲ. ಪೆನ್ನು ಹಿಡಿದು ನೆಲದ ಮೇಲೆ ಓಡಾಡುವ ಯಂತ್ರವಾಗಿತ್ತು. ನಿಮ್ಮ ಅಂಗಳದಲ್ಲಿ ಒಂದು ಮಗುವೇ ಆಮೆಯಾಗಲಿ, ಕೈಯಲ್ಲಿ ಸೀಮೆಸುಣ್ಣ ಇರಲಿ. ‘ಐದು ಹೆಜ್ಜೆ ಮುಂದೆ, ಬಲಕ್ಕೆ ತಿರುಗು’ ಎಂಬುದನ್ನು ನಾಲ್ಕು ಸಲ ಹೇಳಿದರೆ ಚೌಕ. ಒಬ್ಬೊಬ್ಬರ ಹೆಜ್ಜೆ ಒಂದೊಂದು ಅಳತೆ ಎಂಬ ತಕರಾರು ಬಂದೇ ಬರುತ್ತದೆ. ಕಡಪಾ ಕಲ್ಲು ಹಾಸಿದ ಜಗಲಿ ಇದ್ದರೆ ಕಲ್ಲುಗಳನ್ನೇ ಲೆಕ್ಕಕ್ಕಿಟ್ಟುಕೊಳ್ಳಲಿ.

ಇಷ್ಟಾದ ಮೇಲೆ ಯಂತ್ರದ ಮುಂದೆ ಕೂರಿಸಿ. ಅಮೆರಿಕದ ಎಂಐಟಿ ಸಂಸ್ಥೆ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಉಚಿತ. ಆಜ್ಞೆಯ ತುಂಡುಗಳನ್ನು ಮೌಸಿನಿಂದ ಜೋಡಿಸುವ ಮಕ್ಕಳ ಕಂಪ್ಯೂಟರ್ ಭಾಷೆ ಅದು. ಇಂಟರ್ನೆಟ್ ಇರುವ ಕಡೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದರೆ ಸಾಕು. ತೀರಾ ಹಳೆಯ ಯಂತ್ರಕ್ಕೆ ಅದರ 1.4 ಆವೃತ್ತಿ ಹಾಕಿಸಿ. 100 ಹೆಜ್ಜೆ ಮುಂದೆ, 90 ಡಿಗ್ರಿ ತಿರುಗು, ನಾಲ್ಕು ಸಲ: ಚೌಕ ಬರುತ್ತದೆ. ಈಗ ತ್ರಿಕೋನ ಕೇಳಿ. ತ್ರಿಕೋನದ ಕೋನ 60 ಎಂದು ಓದಿದ ಮಕ್ಕಳು 60 ಹಾಕುತ್ತಾರೆ. ಮೂರು ಗೆರೆ ಬರುತ್ತದೆ, ತುದಿಗಳು ಕೂಡುವುದಿಲ್ಲ. ದಯವಿಟ್ಟು ಆಗ ಉತ್ತರ ಹೇಳಬೇಡಿ. ಇಡೀ ಪಾಠದಲ್ಲಿ ನನಗೆ ತುಂಬ ಪ್ರಿಯವಾದ ಗಳಿಗೆ ಇದು. ಒಬ್ಬ ಆರು ಸಲ ಮಾಡಿ ನೋಡಿ ಷಟ್ಕೋನ ಪಡೆದು ಕುಣಿಯುತ್ತಾನೆ. ಇನ್ನೊಬ್ಬಳು ಎದ್ದು ನಿಂತು ತಾನೇ ಆಮೆಯಾಗಿ ತಿರುಗಿ ನೋಡುತ್ತಾಳೆ. ತಿರುಗಬೇಕಾದ್ದು ಒಳಗಿನ ಕೋನವಲ್ಲ, ಹೊರಗಿನದು, ಅದು 120. ಒಂದು ಸುತ್ತು ಹಾಕಿ ಮೊದಲಿನ ದಿಕ್ಕಿಗೆ ಬರಲು ಒಟ್ಟು 360 ಡಿಗ್ರಿ ತಿರುಗಬೇಕು. ಅದನ್ನು ಮೂರು ಪಾಲು ಮಾಡಿ, ಅಷ್ಟೇ. ಐದು ಮೂಲೆಗೆ ಎಷ್ಟು ಎಂದು ಆಮೇಲೆ ಅವರೇ ಭಾಗಿಸಿಕೊಳ್ಳುತ್ತಾರೆ.

4 ಯಂತ್ರಕ್ಕೆ 32 ಮಕ್ಕಳೆಂದರೆ ಒಂದಕ್ಕೆ ಎಂಟು ಜನ. ಒಮ್ಮೆಗೆ ಇಬ್ಬರೇ ಕೂರಲಿ. ಉಳಿದವರು ತಮ್ಮ ಆಜ್ಞೆಗಳನ್ನು ಕಾಗದದಲ್ಲಿ ಬರೆದು ಸಿದ್ಧವಾಗಲಿ. ಕರೆಂಟ್ ಹೋದ ದಿನವೂ ಈ ಕೆಲಸ ನಡೆಯುತ್ತದೆ. ಕೂತ ಇಬ್ಬರಿಗೂ ಕಟ್ಟುನಿಟ್ಟಾದ ಒಂದು ನಿಯಮ: ಮೌಸ್ ಹಿಡಿದವರು ತಾವಾಗಿ ಏನೂ ಮಾಡುವಂತಿಲ್ಲ, ಪಕ್ಕದವರು ಹೇಳಿದ್ದನ್ನು ಮಾಡಬೇಕು, ಸ್ವಲ್ಪ ಹೊತ್ತಿಗೆ ಅದಲು ಬದಲು. ಈ ನಿಯಮ ಇಲ್ಲದಿದ್ದರೆ ಜೋರಿನ ಹುಡುಗರೇ ಮೌಸ್ ಹಿಡಿಯುತ್ತಾರೆ, ಹೆಣ್ಣುಮಕ್ಕಳು ವರ್ಷವಿಡೀ ಹಿಂದೆ ನಿಂತು ನೋಡುತ್ತಾರೆ. ಇದನ್ನು ನಾನು ಸಹಿಸುವುದಿಲ್ಲ, ನೀವೂ ಸಹಿಸಬೇಡಿ.

ಪ್ರಶ್ನೆ: ಮಗ ಎರಡನೇ ತರಗತಿ. ‘ಈಗಲೇ ಕೋಡಿಂಗ್ ಕಲಿಸದಿದ್ದರೆ ಹಿಂದೆ ಬೀಳುತ್ತಾನೆ’ ಎಂದು ಒಂದು ಸಂಸ್ಥೆಯವರು ದಿನವೂ ಫೋನ್ ಮಾಡುತ್ತಾರೆ. ಫೀಸು ನಮ್ಮ ಎರಡು ತಿಂಗಳ ಬಾಡಿಗೆಯಷ್ಟಿದೆ. ಸೇರಿಸಲೇ?
– ತಾಯಿ, ಬೆಂಗಳೂರು

ಉತ್ತರ: ಬೇಡಮ್ಮ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕೋಡಿಂಗ್ ಪ್ರಸ್ತಾಪಿಸಿರುವುದು ಮಾಧ್ಯಮಿಕ ಹಂತಕ್ಕೆ, ಅಂದರೆ ಆರನೇ ತರಗತಿಯಿಂದ. ಹೆದರಿಸಿ ಫೀಸು ಕೇಳುವವರ ಮಾತಿಗೆ ಮಣಿಯಬೇಡಿ. ಮಗನಿಗೆ ಆಸೆಯಿದ್ದರೆ ಸ್ಕ್ರ್ಯಾಚ್ ಜೂನಿಯರ್ ಇದೆ. 5ರಿಂದ 7 ವರ್ಷದವರಿಗೆ ಮಾಡಿದ್ದು, ಉಚಿತ. ಆಜ್ಞೆಗಳೆಲ್ಲ ಚಿತ್ರಗಳಲ್ಲೇ ಇರುವುದರಿಂದ ಓದು ಬರದ ಮಗುವೂ ಆಡಬಹುದು. ವಾರಕ್ಕೆರಡು ದಿನ ಪಕ್ಕದಲ್ಲಿ ನೀವೂ ಕೂತಿರಿ. ಅವನು ಏನಾದರೂ ಮಾಡಿ ತೋರಿಸಿದಾಗ ‘ಪರದೆಯ ಮೇಲಿನ ಬೆಕ್ಕು ಎರಡು ಸಲ ನೆಗೆದು ಆಮೇಲೆ ಮಾತಾಡಲಿ ನೋಡೋಣ’ ಎಂದು ಸಣ್ಣ ಬದಲಾವಣೆ ಕೇಳಿ. ಮಾಡಿದರೆ ಅರ್ಥವಾಗಿದೆ. ಯಾರೋ ಮಾಡಿಕೊಟ್ಟ ಆ್ಯಪ್‌ಗೆ ಮಗುವಿನ ಹೆಸರು ಹಾಕಿದ ಸರ್ಟಿಫಿಕೇಟಿನಿಂದ ಅದು ಗೊತ್ತಾಗುವುದಿಲ್ಲ.

ಪ್ರಶ್ನೆ: ಮೊಮ್ಮಗಳು ಕನ್ನಡ ಸಾಲಿಯೊಳಗ ಮೂರನೇ ಇಯತ್ತೆ. ಇಂಗ್ಲಿಷ್ ಪೂರಾ ಬಂದ ಮ್ಯಾಲೆ ಕಂಪ್ಯೂಟರ್ ಕಲಿಸಿದರ ಛಲೋ ಅಲ್ಲೇನು?
– ನಿವೃತ್ತ ನೌಕರ, ಧಾರವಾಡ

ಉತ್ತರ: ಅಷ್ಟು ಕಾಯಬೇಡಿ ಹಿರಿಯರೇ. ಕೀಲಿಯ ಮೇಲಿನ 26 ಇಂಗ್ಲಿಷ್ ಅಕ್ಷರ ಗುರುತಿಸಿದರೆ ಸಾಕು. ಕನ್ನಡ ಬರೆಯುವ ತಂತ್ರಾಂಶ ‘ನುಡಿ’ ಉಚಿತವಾಗಿ ಸಿಗುತ್ತದೆ, ಅದರಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿಸಿ. ಒತ್ತಿದ್ದು ಐದು ಕೀಲಿ, ಕಂಡದ್ದು ಮೂರು ಅಕ್ಷರ. ಯಾಕೆಂದು ಅವಳೇ ಯೋಚಿಸಲಿ. ಎಫ್ ಕೀಲಿ ಮೊದಲ ‘ನ’ದ ಅಕಾರ ಕಳೆಯುತ್ತದೆ, ಎರಡನೆಯದು ಒತ್ತಾಗಿ ಕೂರುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿಯಾದ ಯೂನಿಕೋಡ್‌ನಲ್ಲಿ ಈ ಐದಕ್ಕೂ ಒಂದೊಂದು ಸಂಖ್ಯೆ ಇದೆ: ‘ಕ’ 3221, ‘ಖ’ 3222. ‘ಗ’ ಎಷ್ಟಿರಬಹುದೆಂದು ಕೇಳಿ, ಹೇಳುತ್ತಾಳೆ. ಇದನ್ನು ಫೋನಿನಲ್ಲಿ ಮಾತ್ರ ಮಾಡಿಸಬೇಡಿ. ಅದು ಅರ್ಧ ಬರೆಯುವಷ್ಟರಲ್ಲಿ ಇಡೀ ಪದವನ್ನೇ ಮುಂದಿಡುತ್ತದೆ, ಅಕ್ಷರ ಕೂಡುವ ಬಗೆ ಮಗುವಿಗೆ ಕಾಣುವುದೇ ಇಲ್ಲ.